ಎಲ್ಲರ ಬೆನ್ನ ಮೇಲೂ 42, ಹಾಗಾದ್ರೆ ಬಾಗಿಲು ಹಾಕಿದ್ದು ಯಾರು?

(1/8)
ಏಪ್ರಿಲ್ 15 ಬಂತು ಅಂದ್ರೆ ಅಮೆರಿಕದ ಬೇಸ್‌ಬಾಲ್ ಪೇಜ್‌ಗಳಲ್ಲೆಲ್ಲ ಒಂದೇ ಪೋಸ್ಟ್. "ಇತಿಹಾಸದಲ್ಲಿ ಈ ದಿನ: 1947ರಲ್ಲಿ ಜಾಕಿ ರಾಬಿನ್‌ಸನ್ ವರ್ಣಭೇದದ ಗೋಡೆ ಒಡೆದರು." ಪಕ್ಕದಲ್ಲಿ ಒಂದು ನೀಲಿ ಹಾರ್ಟು. ಅವತ್ತು ಮೇಜರ್ ಲೀಗ್‌ನ ಪ್ರತಿಯೊಬ್ಬ ಆಟಗಾರ, ಕೋಚ್, ಮ್ಯಾನೇಜರ್ ಎಲ್ಲರೂ 42 ನಂಬರಿನ ಜೆರ್ಸಿಯಲ್ಲೇ ಮೈದಾನಕ್ಕೆ ಇಳೀತಾರೆ. ಯಾಕಂದ್ರೆ ಅದು ರಾಬಿನ್‌ಸನ್ ನಂಬರ್.

ಹೋದ ವರ್ಷ ನಾನೂ ಅದನ್ನೇ ಸ್ಟೋರಿಗೆ ಹಾಕಿದ್ದೆ. ಈ ಸಲ ಹಾಕಲ್ಲ. ಯಾಕೆ ಅಂತ ಎಂಟು ಪೋಸ್ಟ್‌ನಲ್ಲಿ ಹೇಳ್ತೀನಿ. ಪೂರ್ತಿ ಓದಿ, ಆಮೇಲೆ ಬೇಕಾದ್ರೆ ಬೈಯಿರಿ.

ನನ್ನ ಜಗಳ ರಾಬಿನ್‌ಸನ್ ಜತೆ ಖಂಡಿತ ಅಲ್ಲ. ಆ ಒಂದು ವಾಕ್ಯದ ಜತೆ. ಅದರಲ್ಲಿ ಗೋಡೆ ಒಡೆದವರ ಹೆಸರಿದೆ, ಗೋಡೆ ಕಟ್ಟಿದವರ ಹೆಸರಿಲ್ಲ. ಗೋಡೆ ಏನು ಮಳೆ ಬಿದ್ದ ಮಾರನೇ ದಿನ ತಾನಾಗೇ ಎದ್ದ ಅಣಬೆನಾ? ಯಾರೋ ಕಟ್ಟಿದ್ರು. ಯಾರೋ ಕಾವಲು ಕಾದ್ರು. ಅದರಿಂದ ಯಾರಿಗೋ ಲಾಭ ಆಯ್ತು. "ಈ ದಿನ" ಅನ್ನೋ ಪೋಸ್ಟು ಅವರೆಲ್ಲರನ್ನೂ ಸದ್ದಿಲ್ಲದೆ ಹಿಂಬಾಗಿಲಿಂದ ಕಳಿಸಿಬಿಡುತ್ತೆ.

(2/8)
ಮೊದಲು ಆ ದಿನ ನಡೆದದ್ದು ಏನು ಅಂತ ನೋಡೋಣ.

1947ರ ಏಪ್ರಿಲ್ 15, ಮಂಗಳವಾರ. ನ್ಯೂಯಾರ್ಕ್‌ನ ಬ್ರೂಕ್ಲಿನ್, ಎಬೆಟ್ಸ್ ಫೀಲ್ಡ್. ಬ್ರೂಕ್ಲಿನ್ ಡಾಡ್ಜರ್ಸ್ ಮತ್ತು ಬಾಸ್ಟನ್ ಬ್ರೇವ್ಸ್ ನಡುವೆ ಸೀಸನ್ನಿನ ಮೊದಲ ಮ್ಯಾಚ್. 25 ಸಾವಿರಕ್ಕೂ ಹೆಚ್ಚು ಜನ ಬಂದಿದ್ರು, ಆದರೂ ಸ್ಟೇಡಿಯಂ ಪೂರ್ತಿ ತುಂಬಿರಲಿಲ್ಲ. ಫಸ್ಟ್ ಬೇಸ್‌ನಲ್ಲಿ ನಿಂತಿದ್ದ ಹೊಸ ಆಟಗಾರನಿಗೆ ಆಗಲೇ 28 ವರ್ಷ.

ಸಿನಿಮಾದಲ್ಲಿ ಆಗಿದ್ರೆ ಮೊದಲ ಬಾಲೇ ಸ್ಟೇಡಿಯಂ ಹೊರಗೆ ಹೋಗ್ತಿತ್ತು. ನಿಜದಲ್ಲಿ ರಾಬಿನ್‌ಸನ್ ಅವತ್ತು ಒಂದೂ ಹಿಟ್ ಹೊಡೀಲಿಲ್ಲ. ಆದರೆ ಏಳನೇ ಇನ್ನಿಂಗ್ಸ್‌ನಲ್ಲಿ ಎದುರಾಳಿಯ ತಪ್ಪಿನಿಂದ ಬೇಸ್ ಮುಟ್ಟಿ, ಪೀಟ್ ರೈಸರ್ ಹೊಡೆದ ಡಬಲ್‌ಗೆ ಓಡಿ ಬಂದು, ತಂಡಕ್ಕೆ ಮುನ್ನಡೆ ಕೊಟ್ಟ ರನ್ ತಂದ್ರು. ಡಾಡ್ಜರ್ಸ್ 5-3ರಿಂದ ಗೆದ್ದರು.

ಸರಿಯಾಗಿ ಒಂದು ವಾರಕ್ಕೆ, ಏಪ್ರಿಲ್ 22ರಂದು, ಅದೇ ಮೈದಾನಕ್ಕೆ ಫಿಲಡೆಲ್ಫಿಯಾ ಫಿಲೀಸ್ ಬಂತು. ಅದರ ಮ್ಯಾನೇಜರ್ ಬೆನ್ ಚಾಪ್ಮನ್ ಡಗ್‌ಔಟ್‌ನಲ್ಲಿ ನಿಂತು ರಾಬಿನ್‌ಸನ್‌ಗೆ ಬಾಯಿಗೆ ಬಂದ ಹಾಗೆ ಜನಾಂಗೀಯ ನಿಂದನೆ ಮಾಡಿದ. ತಿರುಗಿ ಮಾತಾಡೋ ಹಾಗಿಲ್ಲ, ಕೈ ಎತ್ತೋ ಹಾಗಂತೂ ಇಲ್ಲವೇ ಇಲ್ಲ. ತಂಡಕ್ಕೆ ಸೇರಿಸಿಕೊಳ್ಳುವಾಗಲೇ ಡಾಡ್ಜರ್ಸ್ ಮುಖ್ಯಸ್ಥ ಬ್ರಾಂಚ್ ರಿಕಿ ಆ ಮಾತು ತಗೊಂಡಿದ್ರು.

ಬೈಸಿಕೊಳ್ತಾ, ಬಾಯಿ ಮುಚ್ಚಿಕೊಂಡು ಆಡಿ, ಆ ಸೀಸನ್ನಿನಲ್ಲಿ 29 ಬೇಸ್ ಕದ್ದು ನ್ಯಾಷನಲ್ ಲೀಗ್‌ಗೇ ಮೊದಲಿಗರಾದ್ರು. 'ವರ್ಷದ ಹೊಸ ಆಟಗಾರ' ಅನ್ನೋ ಪ್ರಶಸ್ತಿ ಶುರುವಾಗಿದ್ದೇ ಆ ವರ್ಷ. ಅದೂ ಅವರಿಗೇ ಬಂತು.

ಇಲ್ಲಿವರೆಗೂ ಎಲ್ಲ ಪೇಜ್‌ನವರೂ ಬರೀತಾರೆ. ಮುಂದಿನದಕ್ಕೆ ಬನ್ನಿ.

(3/8)
"ಮೇಜರ್ ಲೀಗ್ ಆಡಿದ ಮೊದಲ ಕಪ್ಪು ಆಟಗಾರ." ತಪ್ಪು ಮಾಹಿತಿ ಗುರು.

1884ರಲ್ಲೇ ಮೋಸಸ್ ಫ್ಲೀಟ್‌ವುಡ್ ವಾಕರ್ ಅನ್ನೋ ಕಪ್ಪು ಕ್ಯಾಚರ್ ಟೊಲೀಡೊ ತಂಡದ ಪರವಾಗಿ ಅಮೆರಿಕನ್ ಅಸೋಸಿಯೇಷನ್‌ನಲ್ಲಿ ಆಡಿದ್ರು. ಅದು ಆಗಿನ ಮೇಜರ್ ಲೀಗ್‌ಗಳಲ್ಲಿ ಒಂದು. ಅಂದ್ರೆ ಬಾಗಿಲು ಮೊದಲು ತೆರೆದೇ ಇತ್ತು, ಕಿರಿದಾಗಿಯಾದರೂ. ಆಮೇಲೆ ಹಾಕಿದ್ರು.

ಹೇಗೆ ಹಾಕಿದ್ರು? ಚಿಲಕ ಕಾಣದ ಹಾಗೆ. ಕಪ್ಪು ಆಟಗಾರರನ್ನ ತಗೋಬಾರದು ಅನ್ನೋ ನಿಯಮ ಮೇಜರ್ ಲೀಗ್‌ನ ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ. ಮಾಲೀಕರು ತಮ್ಮತಮ್ಮಲ್ಲೇ ಮಾಡಿಕೊಂಡ ಬಾಯಿಮಾತಿನ ಒಪ್ಪಂದ ಅದು. ಅದಕ್ಕೆ ಅವರು ಇಟ್ಟುಕೊಂಡ ಹೆಸರು "ಸಭ್ಯರ ಒಪ್ಪಂದ". ಸಭ್ಯರಂತೆ! ಬರೆದಿಲ್ಲ ಅಂದ್ಮೇಲೆ ಸಹಿ ಇಲ್ಲ. ಸಹಿ ಇಲ್ಲ ಅಂದ್ಮೇಲೆ ಕೇಳಿದ್ರೆ "ಅಂಥದ್ದೇನೂ ಇಲ್ವಲ್ಲ" ಅಂದುಬಿಡಬಹುದು.

1920ರಿಂದ 1944ರಲ್ಲಿ ಸಾಯೋವರೆಗೂ ಬೇಸ್‌ಬಾಲ್‌ನ ಕಮಿಷನರ್ ಆಗಿದ್ದವರು ಕೆನೆಸಾ ಮೌಂಟನ್ ಲ್ಯಾಂಡಿಸ್. ಆ 24 ವರ್ಷದಲ್ಲಿ ಮೇಜರ್ ಲೀಗ್‌ಗೆ ಒಬ್ಬನೇ ಒಬ್ಬ ಕಪ್ಪು ಆಟಗಾರ ಬರಲಿಲ್ಲ. ಅವರ ಹೆಸರನ್ನೇ ಎಂವಿಪಿ ಪ್ರಶಸ್ತಿಗೆ, ಅಂದ್ರೆ ವರ್ಷದ ಅತ್ಯುತ್ತಮ ಆಟಗಾರನ ಪ್ರಶಸ್ತಿಗೆ ಇಟ್ಟರು. 1949ರಲ್ಲಿ ಆ ಪ್ರಶಸ್ತಿ ಗೆದ್ದವರು ಯಾರು? ಜಾಕಿ ರಾಬಿನ್‌ಸನ್. ಬಾಗಿಲು ಮುಚ್ಚಿದ್ದ ಕಾಲದ ಯಜಮಾನನ ಹೆಸರಿನ ಪ್ರಶಸ್ತಿಯನ್ನ ಬಾಗಿಲು ದಾಟಿ ಬಂದವರ ಕೈಗೇ ಕೊಟ್ಟರು. ಆ ಹೆಸರು ಫಲಕದಿಂದ ಹೋಗಿದ್ದು ಯಾವಾಗ ಗೊತ್ತಾ? 2020ರಲ್ಲಿ.

(4/8)
ಈಗ ಕ್ಯಾಲೆಂಡರ್‌ನಲ್ಲಿ ಏಪ್ರಿಲ್ 15ರ ಪಕ್ಕದ ಮನೆಗೆ ಕಣ್ಣು ಹಾಯಿಸಿ. ಏಪ್ರಿಲ್ 16.

1945ರ ಏಪ್ರಿಲ್ 16ರಂದು ಬಾಸ್ಟನ್‌ನ ಫೆನ್ವೇ ಪಾರ್ಕ್‌ನಲ್ಲಿ ರೆಡ್ ಸಾಕ್ಸ್ ತಂಡ ಮೂವರು ಕಪ್ಪು ಆಟಗಾರರಿಗೆ ಟ್ರಯಲ್ಸ್ ಮಾಡಿತು. ಸ್ಯಾಮ್ ಜೆಥ್ರೋ, ಮಾರ್ವಿನ್ ವಿಲಿಯಮ್ಸ್ ಮತ್ತು ಜಾಕಿ ರಾಬಿನ್‌ಸನ್. ಊರಿನ ರಾಜಕಾರಣಿಯೊಬ್ಬರ ಮತ್ತು ಪತ್ರಕರ್ತರ ಒತ್ತಡಕ್ಕೆ ಮಾಡಿದ ಟ್ರಯಲ್ಸ್ ಅದು. ಮೂವರೂ ಆಡಿ ತೋರಿಸಿದ್ರು, ಮನೆಗೆ ಹೋದ್ರು. ರೆಡ್ ಸಾಕ್ಸ್‌ನಿಂದ ಕರೆ ಬರಲೇ ಇಲ್ಲ.

ಯೋಚಿಸಿ. ರಾಬಿನ್‌ಸನ್ ಸಿಗೋದು ಎರಡು ವರ್ಷ ಮೊದಲೇ ಸಾಧ್ಯ ಇತ್ತು. ಪ್ರತಿಭೆ ಮೈದಾನದಲ್ಲೇ ನಿಂತಿತ್ತು, ಕಣ್ಣೆದುರಿಗೆ. ಬೇಡ ಅಂದ್ರು. ಅದೇ ರೆಡ್ ಸಾಕ್ಸ್ ತನ್ನ ಮೊದಲ ಕಪ್ಪು ಆಟಗಾರ ಪಂಪ್ಸಿ ಗ್ರೀನ್ ಅವರನ್ನ ಇಳಿಸಿದ್ದು 1959ರ ಜುಲೈ 21ಕ್ಕೆ. ಆಗಿದ್ದ 16 ತಂಡಗಳಲ್ಲಿ ಎಲ್ಲಕ್ಕಿಂತ ಕೊನೆ.

"ಗೋಡೆ ಒಡೆದರು" ಅಂದ ತಕ್ಷಣ ನಮ್ಮ ತಲೆಯಲ್ಲಿ ಬರೋ ಚಿತ್ರ ಏನು? ಒಂದೇ ಏಟಿಗೆ ಗೋಡೆ ಧೂಳು. ಹಾಗೇನೂ ಆಗಲಿಲ್ಲ. ಯಾಂಕೀಸ್ ಬಾಗಿಲು ತೆಗೆದಿದ್ದು 1955ರಲ್ಲಿ. ರಾಬಿನ್‌ಸನ್ ಹತ್ತು ಸೀಸನ್ ಆಡಿ, 1956ರಲ್ಲಿ ಕೊನೇ ಮ್ಯಾಚ್ ಮುಗಿಸಿದಾಗಲೂ ಮೂರು ತಂಡಗಳಲ್ಲಿ ಒಬ್ಬ ಕಪ್ಪು ಆಟಗಾರನೂ ಆಡಿರಲಿಲ್ಲ: ಫಿಲೀಸ್, ಡೆಟ್ರಾಯಿಟ್ ಟೈಗರ್ಸ್, ರೆಡ್ ಸಾಕ್ಸ್. ಚಾಪ್ಮನ್ ಬಾಯಿ ಹರಿಬಿಟ್ಟ ಆ ಫಿಲೀಸ್ ತಂಡದಲ್ಲಿ ಮೊದಲ ಕಪ್ಪು ಆಟಗಾರ ಜಾನ್ ಕೆನಡಿ ಕಣಕ್ಕಿಳಿದದ್ದು 1957ರ ಏಪ್ರಿಲ್ 22ರಂದು. ಸರಿಯಾಗಿ ಹತ್ತು ವರ್ಷ, ಅದೇ ತಾರೀಖು.

ಈ ತಾರೀಖುಗಳಿಗೆ ನೀಲಿ ಹಾರ್ಟ್ ಹಾಕೋರು ಯಾರೂ ಇಲ್ಲ.

(5/8)
ಇದು ಬರೀವಾಗ ನನಗೆ ತುಂಬ ಕಷ್ಟ ಆದ ಭಾಗ.

ಜಾಷ್ ಗಿಬ್ಸನ್. ಮೇಜರ್ ಲೀಗ್ ಬಾಗಿಲು ಮುಚ್ಚಿದ್ದರಿಂದ ಕಪ್ಪು ಜನ ತಾವೇ ಕಟ್ಟಿಕೊಂಡ ಲೀಗ್‌ಗಳಿದ್ದವು, ನೀಗ್ರೋ ಲೀಗ್ಸ್ ಅಂತ. 1920ರಲ್ಲಿ ರೂಬ್ ಫಾಸ್ಟರ್ ಅದಕ್ಕೆ ಗಟ್ಟಿ ಅಡಿಪಾಯ ಹಾಕಿದ್ರು. ಅಲ್ಲಿ ಹೋಮ್‌ಸ್ಟೆಡ್ ಗ್ರೇಸ್, ಪಿಟ್ಸ್‌ಬರ್ಗ್ ಕ್ರಾಫರ್ಡ್ಸ್ ತಂಡಗಳಿಗೆ ಆಡ್ತಿದ್ದ ಕ್ಯಾಚರ್ ಗಿಬ್ಸನ್. ಅವರ ಹೊಡೆತ ನೋಡಿದವರು ಅದನ್ನ ಜೀವಮಾನವಿಡೀ ಹೇಳಿಕೊಂಡು ತಿರುಗಿದ್ರು.

ಗಿಬ್ಸನ್ ತೀರಿಕೊಂಡಿದ್ದು 1947ರ ಜನವರಿ 20. ವಯಸ್ಸು 35. ಏಪ್ರಿಲ್ 15ಕ್ಕೆ ಇನ್ನು 85 ದಿನ ಇತ್ತು.

2024ರಲ್ಲಿ ಮೇಜರ್ ಲೀಗ್ ನೀಗ್ರೋ ಲೀಗ್ಸ್‌ನ ಅಂಕಿಅಂಶಗಳನ್ನ ತನ್ನ ದಾಖಲೆಗೆ ಸೇರಿಸಿಕೊಂಡಿತು. ಆಗ ಗೊತ್ತಾಗಿದ್ದು: ಇಡೀ ಬೇಸ್‌ಬಾಲ್ ಚರಿತ್ರೆಯಲ್ಲೇ ಅತಿ ಹೆಚ್ಚಿನ ಬ್ಯಾಟಿಂಗ್ ಸರಾಸರಿ ಗಿಬ್ಸನ್ ಅವರದು, .372. ಅಂದ್ರೆ 1000 ಸಲ ಬ್ಯಾಟ್ ಹಿಡಿದ್ರೆ 372 ಹಿಟ್. ಅಲ್ಲಿವರೆಗೆ ಪಟ್ಟಿಯ ತುದಿಯಲ್ಲಿದ್ದ ಟೈ ಕಾಬ್ ಅವರದು .367. ಗಿಬ್ಸನ್ ಸತ್ತು ಆಗಲೇ 77 ವರ್ಷ ಆಗಿತ್ತು.

ಸ್ಯಾಚೆಲ್ ಪೇಜ್ ಅಂತ ಇನ್ನೊಬ್ಬರು. ಆ ಕಾಲದ ಮಹಾ ಪಿಚರ್. ಅವರಿಗೆ ಮೇಜರ್ ಲೀಗ್‌ನ ಮೊದಲ ಮ್ಯಾಚ್ ಸಿಕ್ಕಿದ್ದು 1948ರ ಜುಲೈನಲ್ಲಿ. ಆಗ ಅವರ ವಯಸ್ಸು ಎಷ್ಟಿತ್ತು ಗೊತ್ತಾ? 42.

ಜೆರ್ಸಿ ಮೇಲೆ ಬರೆಯೋಕೆ ಈ 42 ಯಾರಿಗೂ ನೆನಪಾಗಲ್ಲ. ಒಬ್ಬ ಆಟಗಾರನ ಇಪ್ಪತ್ತು ವರ್ಷ ತಿಂದು, ಕೊನೆಗೆ ಎಲೆ ಎತ್ತೋ ಹೊತ್ತಿಗೆ "ಬನ್ನಿ, ಊಟಕ್ಕೆ ಕೂತ್ಕೊಳ್ಳಿ" ಅಂದ ಹಾಗೆ ಅದು.

(6/8)
"ಹಳೇ ಕಥೆ, ಬಿಡಪ್ಪ. ಈಗ ಸರಿ ಹೋಗಿದ್ಯಲ್ಲ." ಹೋಗಿದ್ಯಾ?

ರಾಬಿನ್‌ಸನ್ ಅವರನ್ನ ತಗೊಂಡಾಗ ಡಾಡ್ಜರ್ಸ್ ಅವರ ಹಿಂದಿನ ತಂಡ ಕಾನ್ಸಾಸ್ ಸಿಟಿ ಮೊನಾರ್ಕ್ಸ್‌ಗೆ ಒಂದು ಡಾಲರ್ ಪರಿಹಾರ ಕೂಡ ಕೊಡಲಿಲ್ಲ. ಒಳ್ಳೊಳ್ಳೆ ಆಟಗಾರರು ಹೋದ ಹಾಗೆ ಕಪ್ಪು ಜನ ಕಟ್ಟಿದ ಲೀಗ್‌ಗಳು ಒಂದೊಂದಾಗಿ ಸೊರಗಿದ್ವು. ನೀಗ್ರೋ ನ್ಯಾಷನಲ್ ಲೀಗ್ 1948ರ ಸೀಸನ್ ಮುಗಿದ ಮೇಲೆ ನಿಂತೇಹೋಯ್ತು. ಮೈದಾನಕ್ಕೆ ಕೆಲವು ಆಟಗಾರರು ಬಂದ್ರು. ಮಾಲೀಕರ, ಮ್ಯಾನೇಜರ್‌ಗಳ ಕುರ್ಚಿ ಹತ್ತಿರ ಯಾರನ್ನೂ ಕರೀಲಿಲ್ಲ.

1972ರ ಅಕ್ಟೋಬರ್ 15. ವರ್ಲ್ಡ್ ಸೀರೀಸ್ ಮ್ಯಾಚ್‌ಗೆ ಮುಂಚೆ ಸಿನ್ಸಿನಾಟಿಯಲ್ಲಿ ರಾಬಿನ್‌ಸನ್‌ಗೆ ಸನ್ಮಾನ, 25 ವರ್ಷದ ನೆನಪಿಗೆ. ಸಕ್ಕರೆ ಕಾಯಿಲೆಯಿಂದ ಕಣ್ಣು ಹೆಚ್ಚುಕಡಿಮೆ ಹೋಗಿತ್ತು. ಮೈಕ್ ಕೊಟ್ಟರೆ ಥ್ಯಾಂಕ್ಸ್ ಹೇಳಿ ಸುಮ್ಮನಾಗಲಿಲ್ಲ. ಒಬ್ಬ ಕಪ್ಪು ಮ್ಯಾನೇಜರ್‌ನ ನೋಡೋ ದಿನ ಬಂದ್ರೆ ಇನ್ನೂ ಖುಷಿ ಆಗುತ್ತೆ ಅಂತ ಎಲ್ಲರ ಎದುರಿಗೇ ಹೇಳಿದ್ರು. ಒಂಬತ್ತು ದಿನಕ್ಕೆ ತೀರಿಕೊಂಡ್ರು, 53ನೇ ವಯಸ್ಸಿಗೆ. ಮೊದಲ ಕಪ್ಪು ಮ್ಯಾನೇಜರ್ ಫ್ರಾಂಕ್ ರಾಬಿನ್‌ಸನ್ ಬಂದಿದ್ದು 1975ರಲ್ಲಿ.

1997ರ ಏಪ್ರಿಲ್ 15ರಂದು ಅಧ್ಯಕ್ಷ ಕ್ಲಿಂಟನ್ ಎದುರಲ್ಲಿ 42ನ್ನ ಎಲ್ಲ ತಂಡಗಳಿಂದಲೂ ನಿವೃತ್ತಿ ಮಾಡಿದ್ರು. 2009ರಿಂದ ಪ್ರತಿ ಏಪ್ರಿಲ್ 15ಕ್ಕೆ ಎಲ್ಲರಿಗೂ 42. ಆದರೆ 2022ರ ವರ್ಲ್ಡ್ ಸೀರೀಸ್‌ನಲ್ಲಿ ಎರಡೂ ತಂಡ ಸೇರಿಸಿದ್ರೂ ಅಮೆರಿಕದಲ್ಲಿ ಹುಟ್ಟಿದ ಒಬ್ಬ ಕಪ್ಪು ಆಟಗಾರ ಇರಲಿಲ್ಲ. 1950ರ ನಂತರ ಹಾಗಾಗಿದ್ದು ಅದೇ ಮೊದಲು. ಬೆನ್ನ ಮೇಲೆ ನಂಬರ್ ಇದೆ, ನಂಬರ್ ತಂದವರ ಮಕ್ಕಳು ಮೊಮ್ಮಕ್ಕಳು ಎಲ್ಲಿ?

(7/8)
"ಅಮೆರಿಕದ ಆಟ, ಅಮೆರಿಕದ ಜಗಳ. ನಮಗ್ಯಾಕೆ?" ಅಂತ ಕ್ಲಾಸಲ್ಲಿ ಒಬ್ಬ ಕೇಳಿದ. ನ್ಯಾಯವಾದ ಪ್ರಶ್ನೆ. ಉತ್ತರ ನಮ್ಮ ಧಾರವಾಡದಲ್ಲೇ ಇದೆ.

ಪಲ್ವಂಕರ್ ಬಾಲೂ. ಹುಟ್ಟಿದ್ದು ಧಾರವಾಡದಲ್ಲಿ. ಚಮ್ಮಾರ ಜಾತಿ. ಪುಣೆಯಲ್ಲಿ ಬ್ರಿಟಿಷರ ಕ್ಲಬ್ಬಿನಲ್ಲಿ ಪಿಚ್ ನೋಡಿಕೊಳ್ಳೋ ಕೆಲಸ, ಜತೆಗೆ ಸಾಹೇಬರಿಗೆ ನೆಟ್ಸ್‌ನಲ್ಲಿ ಬೌಲಿಂಗ್. ಎಡಗೈ ಸ್ಪಿನ್ ಎಂಥದ್ದು ಅಂದ್ರೆ ಹಿಂದೂ ತಂಡದವರಿಗೆ ಇವರನ್ನ ಬಿಟ್ಟು ಗೆಲ್ಲೋಕಾಗಲ್ಲ. ಆದರೆ ಟೀ ವಿರಾಮದಲ್ಲಿ ಉಳಿದವರಿಗೆ ಒಳಗೆ ಪಿಂಗಾಣಿ ಕಪ್, ಬಾಲೂಗೆ ಹೊರಗೆ ಕುಡಿದು ಬಿಸಾಡೋ ಮಣ್ಣಿನ ಕುಡಿಕೆ. ಬಾಲ್ ಮುಟ್ಟಬಹುದು, ಕಪ್ ಮುಟ್ಟಬಾರದು. 1911ರ ಇಂಗ್ಲೆಂಡ್ ಪ್ರವಾಸದಲ್ಲಿ 100ಕ್ಕೂ ಹೆಚ್ಚು ವಿಕೆಟ್ ತೆಗೆದ್ರು. ಹಿಂದೂ ತಂಡದ ನಾಯಕನಾಗಿ ಮಾತ್ರ ಅವರನ್ನ ನೇಮಿಸಲೇ ಇಲ್ಲ. ಆ ಗೌರವ 1923ರಲ್ಲಿ ಅವರ ತಮ್ಮ ವಿಠ್ಠಲ್‌ಗೆ ಸಿಕ್ಕಿತು.

ಇಲ್ಲೂ ಅದೇ ಸಭ್ಯರ ಒಪ್ಪಂದ, ಭಾಷೆ ಬೇರೆ ಅಷ್ಟೇ. ದೂರದ ಗೋಡೆಯ ಇಟ್ಟಿಗೆ ಎಣಿಸೋದು ಕಲಿತರೆ ಹತ್ತಿರದ ಗೋಡೆಯೂ ಕಣ್ಣಿಗೆ ಬೀಳುತ್ತೆ.

(8/8)
ಎದುರು ವಾದವನ್ನೂ ಹೇಳಿಬಿಡ್ತೀನಿ. "ಆಚರಣೆ ಇರೋದ್ರಿಂದಲೇ ಚಿಕ್ಕ ಮಕ್ಕಳು ಆ ಹೆಸರು ಕೇಳ್ತಾರೆ. ಅದೂ ಇಲ್ಲದಿದ್ರೆ ಮರೆತೇಹೋಗ್ತಿತ್ತು." ಒಪ್ತೀನಿ. ಅಪ್ಪನ ಕೈ ಹಿಡಿದು ಸ್ಟೇಡಿಯಂಗೆ ಬಂದ ಮಗು "ಯಾಕೆ ಎಲ್ಲರದ್ದೂ 42?" ಅಂತ ಕೇಳಿದ್ರೆ ಅದು ಒಳ್ಳೆಯದೇ. ನನ್ನ ತಕರಾರು ಆ ಮಗುವಿಗೆ ಸಿಗೋ ಉತ್ತರದ ಬಗ್ಗೆ. "ಒಬ್ಬ ಧೈರ್ಯವಂತ ಇದ್ದ ಪುಟ್ಟ" ಅಂತ ಹೇಳಿ ನಿಲ್ಲಿಸಿದ್ರೆ ಅರ್ಧ ಸುಳ್ಳು. "ಅವನಿಗೆ ಅಷ್ಟು ಧೈರ್ಯ ಬೇಕಾಗೋ ಹಾಗೆ ಮಾಡಿದವರಿದ್ರು" ಅನ್ನೋದೂ ಬರಬೇಕು.

ರಾಬಿನ್‌ಸನ್ ಅವರೇ ಈ ಹಬ್ಬದ ಬೊಂಬೆ ಆಗೋಕೆ ಒಪ್ಪಿರಲಿಲ್ಲ. ತಮ್ಮ ಆತ್ಮಕಥೆಗೆ 'ಐ ನೆವರ್ ಹ್ಯಾಡ್ ಇಟ್ ಮೇಡ್' ಅಂತ ಹೆಸರಿಟ್ಟರು. ರಾಷ್ಟ್ರಗೀತೆಗೆ ಎದ್ದು ನಿಂತು ಹಾಡೋದು ತಮ್ಮಿಂದಾಗದು ಅನ್ನೋ ಅರ್ಥದ ಮಾತನ್ನ ಅದರಲ್ಲಿ ಬರೆದುಕೊಂಡ್ರು. ಆ ರಾಬಿನ್‌ಸನ್ ಯಾವ ಏಪ್ರಿಲ್ 15ರ ರೀಲ್‌ನಲ್ಲೂ ಕಾಣಲ್ಲ. ಬಾಯಿ ಮುಚ್ಚಿಕೊಂಡಿದ್ದ 1947ರ ರಾಬಿನ್‌ಸನ್ ಮಾತ್ರ ಎಲ್ಲರಿಗೂ ಇಷ್ಟ.

ಅದಕ್ಕೇ ಒಂದು ಕೋರಿಕೆ. "ಇತಿಹಾಸದಲ್ಲಿ ಈ ದಿನ" ಅಂತ ಪೋಸ್ಟ್ ಹಾಕೋ ಮುಂಚೆ, ಯಾವ ಆಟದ್ದೇ ಆಗಲಿ, ಮೂರು ಪ್ರಶ್ನೆ ಕೇಳಿಕೊಳ್ಳಿ. ಇದಕ್ಕೆ ಹಿಂದಿನ ದಿನದವರೆಗೆ ಏನಿತ್ತು? ಅದನ್ನ ಹಾಗೆ ಇಟ್ಟವರು ಯಾರು? ಈ ದಿನ ಬರೋ ಮುಂಚೆಯೇ ಹೋಗಿಬಿಟ್ಟವರು ಯಾರು?

ನನ್ನ ಏಪ್ರಿಲ್ 15ರ ಸ್ಟೋರಿಯಲ್ಲಿ ಈ ಸಲ 42 ಇರಲ್ಲ. ಇಷ್ಟೇ ಇರುತ್ತೆ: ಜಾಷ್ ಗಿಬ್ಸನ್, 85 ದಿನ.

ಶೇರ್ ಮಾಡೋದಾದ್ರೆ ಎಂಟನ್ನೂ ಮಾಡಿ. ಜಗಳ ಇದ್ರೆ ಕಾಮೆಂಟ್‌ನಲ್ಲಿ ಸಿಗ್ತೀನಿ.

#ಈದಿನ #ಏಪ್ರಿಲ್15 #ಜಾಕಿರಾಬಿನ್‌ಸನ್ #ಜಾಷ್‌ಗಿಬ್ಸನ್ #ಪಲ್ವಂಕರ್‌ಬಾಲೂ #ಬಾಗಿಲುಹಾಕಿದ್ದುಯಾರು