ನೀರಿಗಿಳಿಯುವ ಮೊದಲು

‘ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು?’ ಎಂಬ ಗಾದೆ ಕನ್ನಡಿಗರ ಮನೆಮನೆಯಲ್ಲಿಯೂ ಕೇಳಿಬರುವಂಥದು. ಮಗಳ ಮದುವೆಗೆ ಸಾಲ ತೆಗೆದ ತಂದೆ, ಮನೆ ಕಟ್ಟಲು ಕೈಹಾಕಿದ ಗುಮಾಸ್ತ, ಪರೀಕ್ಷೆಗೆ ಹಣ ಕಟ್ಟಿದ ವಿದ್ಯಾರ್ಥಿ ಎಲ್ಲರೂ ಈ ಮಾತಿನಿಂದ ಧೈರ್ಯ ತಂದುಕೊಳ್ಳುವವರೇ. ಆದರೆ ಅಮೆರಿಕದ ಅರ್ಕಾನ್ಸಾಸ್ ರಾಜ್ಯದಲ್ಲಿ ಹರಿಯುವ ವೈಟ್ ನದಿಯ ದಂಡೆಯ ಮೇಲೆ, ಜನವರಿಯ ಒಂದು ಬೆಳಗ್ಗೆ, ಗಾಳದ ಕೋಲು ಹಿಡಿದು ನಿಂತವನಿಗೆ ಇದರಷ್ಟು ಅಪಾಯಕರವಾದ ಉಪದೇಶ ಮತ್ತೊಂದಿಲ್ಲ. ಅಲ್ಲಿ ಚಳಿಯ ಚಿಂತೆಯನ್ನೂ ನೀರಿನ ಚಿಂತೆಯನ್ನೂ ನೀರಿಗಿಳಿಯುವ ಮೊದಲೇ ಮಾಡಿ ಮುಗಿಸಿರಬೇಕು.

ಆ ಜನ ಚಳಿಗಾಲದಲ್ಲಿ ಡೇರೆ ಹೂಡಿ ಹಿಡಿಯಹೋಗುವುದು ಟ್ರೌಟ್ ಎಂಬ ಮೀನನ್ನು. ಅದು ತಣ್ಣೀರಿನ ಜೀವಿ. ಬೆಚ್ಚಗಿನ ಹೊಳೆಯಲ್ಲಿ ಉಸಿರುಕಟ್ಟಿ ಸಾಯುತ್ತದೆ. ನಮ್ಮ ದೇಶಕ್ಕೆ ಅದು ಬಂದು ನೆಲಸಿದ ಅತಿಥಿ. ಕಾಶ್ಮೀರ, ಕುಲು, ನೀಲಗಿರಿಗಳ ಹೊಳೆಗಳು ತಮ್ಮ ನಾಡಿನ ಹೊಳೆಗಳಂತೆಯೇ ತಣ್ಣಗಿವೆಯೆಂದು ಕಂಡುಕೊಂಡ ಇಂಗ್ಲಿಷರು, ಇಪ್ಪತ್ತನೆಯ ಶತಮಾನದ ಆರಂಭದ ವರ್ಷಗಳಲ್ಲಿ, ಅದರ ಸಂತತಿಯನ್ನು ತರಿಸಿ ಅಲ್ಲಿ ಬಿಟ್ಟರು. ಊಟಿಯ ಸಮೀಪದ ಅವಲಾಂಚಿಯಲ್ಲಿರುವ ಮರಿಮನೆ ಆ ಕಾಲದ ನೆನಪು. ಆದರೆ ಚಳಿಗಾಲದಲ್ಲಿ ಟ್ರೌಟ್ ಹಿಡಿಯುವ ಹುಮ್ಮಸ್ಸಿನಿಂದ ಕುಲುವಿಗೆ ಹೊರಟವನು ಬರಿಗೈಯಲ್ಲಿ ಹಿಂದಿರುಗಬೇಕಾದೀತು. ಹಿಮಾಚಲ ಪ್ರದೇಶದಲ್ಲಿ ನವೆಂಬರ್ 1ರಿಂದ ಫೆಬ್ರವರಿಯ ಕೊನೆಯವರೆಗೆ ಟ್ರೌಟ್ ಹೊಳೆಗಳಲ್ಲಿ ಗಾಳ ಹಾಕುವುದು ನಿಷಿದ್ಧ. ಅದು ಮೀನು ಮೊಟ್ಟೆಯಿಡುವ ಕಾಲ; ಬಾಣಂತಿಯ ಕೋಣೆಗೆ ಹೊರಗಿನವರನ್ನು ಬಿಡದಿರುವಂಥ ಕಟ್ಟಳೆ ಅದು.

ವೈಟ್ ನದಿಯಲ್ಲಿ ಅಂಥ ಸಾರ್ವತ್ರಿಕ ನಿಷೇಧವಿಲ್ಲ. ಇದಕ್ಕೆ ಕಾರಣ ಆ ನದಿಯ ಚರಿತ್ರೆಯಲ್ಲಿದೆ. ಮೂಲತಃ ಅದು ಟ್ರೌಟಿನ ನದಿಯೇ ಅಲ್ಲ. ಓಜಾರ್ಕ್ ಬೆಟ್ಟಗಳ ನಡುವೆ ಬಳುಕಿ ಹರಿಯುತ್ತಿದ್ದ ಬೆಚ್ಚಗಿನ ಹೊಳೆ ಅದು. ಬಾಸ್ ಎಂಬ ದೇಶೀಯ ಮೀನಿಗೆ ಹೆಸರಾಗಿತ್ತು. ಚಪ್ಪಟೆ ತಳದ ದೋಣಿಗಳಲ್ಲಿ ಡೇರೆ, ಪಾತ್ರೆ, ಹಾಸಿಗೆಗಳನ್ನು ಹೇರಿಕೊಂಡು, ದಿನಗಟ್ಟಲೆ ತೇಲುತ್ತ, ರಾತ್ರಿ ಮರಳುದಿಣ್ಣೆಗಳ ಮೇಲೆ ತಂಗುತ್ತ ಹೋಗುವ ವಾಡಿಕೆ ಅಲ್ಲಿ ಬಹುಕಾಲ ನಡೆಯಿತು. ಆಮೇಲೆ ಪ್ರವಾಹ ತಡೆಯಲೂ ವಿದ್ಯುಚ್ಛಕ್ತಿ ಪಡೆಯಲೂ ಸೈನ್ಯದ ಎಂಜಿನಿಯರುಗಳ ದಳ ಅಲ್ಲಿ ಬುಲ್ ಶೋಲ್ಸ್ ಅಣೆಕಟ್ಟನ್ನು ಕಟ್ಟಿತು. 256 ಅಡಿ ಎತ್ತರದ ಆ ಕಟ್ಟೆಯ ಕೆಲಸ 1951ರಲ್ಲಿ ಮುಗಿದು, 1952ರ ಜುಲೈನಲ್ಲಿ ಅಧ್ಯಕ್ಷ ಟ್ರೂಮನ್ನರು ಅದನ್ನು ಲೋಕಾರ್ಪಣೆ ಮಾಡಿದರು.

ಕಟ್ಟೆಯ ಹಿಂದೆ ಸರೋವರ ತುಂಬಿತು. ಬಿಸಿಲಿಗೆ ಅದರ ಮೇಲ್ಭಾಗ ಕಾದರೂ ಆಳದ ನೀರು ಬೇಸಗೆಯುದ್ದಕ್ಕೂ ತಣ್ಣಗೇ ಉಳಿಯುತ್ತದೆ. ಯಂತ್ರಗಳನ್ನು ತಿರುಗಿಸಿ ಹೊರಬರುವುದು ಆ ಆಳದ ನೀರೇ. ಕೆಳಗಿನ ನದಿ ಹೀಗೆ ವರ್ಷವಿಡೀ ತಂಪಾಯಿತು. ಹಳೆಯ ಮೀನುಗಳಿಗೆ ಅದು ಸಹಿಸಲಾರದ ತಂಪು. ಹೋದ ಮೀನಿನ ಬದಲಿಗೆ ಬೇರೊಂದನ್ನು ಕೊಡುವ ಹೊಣೆ ಸರಕಾರದ ಮೇಲೆ ಬಿದ್ದು, 1957ರಲ್ಲಿ ನೆರೆಯ ನಾರ್‌ಫೋರ್ಕ್ ಅಣೆಕಟ್ಟಿನ ಬುಡದಲ್ಲಿ ಟ್ರೌಟ್ ಮರಿಗಳನ್ನು ಬೆಳೆಸುವ ಕೇಂದ್ರ ಹುಟ್ಟಿತು. ಪೆಸಿಫಿಕ್ ತೀರದ ರೇನ್‌ಬೋ ಟ್ರೌಟ್, ಯೂರೋಪಿನ ಬ್ರೌನ್ ಟ್ರೌಟ್ ಎರಡೂ ಅಲ್ಲಿಗೆ ಹೊರಗಿನವೇ. ಆದರೂ ಅವು ಸೊಗಸಾಗಿ ಬಾಳಿದವು. ಚಳಿಗಾಲದಲ್ಲಿ ಬೆಟ್ಟದ ಹೊಳೆಗಳು ಹೆಪ್ಪುಗಟ್ಟುವ ಸ್ಥಿತಿಗೆ ಬಂದಾಗ ಟ್ರೌಟ್ ಆಹಾರ ಬಿಟ್ಟು ಜಡವಾಗಿ ತಳಕ್ಕೆ ಕೂರುತ್ತದೆ. ಕಟ್ಟೆಯ ಕೆಳಗಿನ ನೀರಾದರೋ ಮೇಲಿನ ಗಾಳಿಗಿಂತ ಎಷ್ಟೋ ಬೆಚ್ಚಗೆ; ಅಲ್ಲಿ ಮೀನು ಜನವರಿಯಲ್ಲಿಯೂ ಮೇಯುತ್ತಿರುತ್ತದೆ.

ಇಷ್ಟೆಲ್ಲ ಅನುಕೂಲ ಮಾಡಿಕೊಟ್ಟ ಅಣೆಕಟ್ಟೇ ಅಪಾಯವನ್ನೂ ಜೊತೆಯಲ್ಲಿ ಇರಿಸಿದೆ. ಆ ನದಿ ಮಳೆಯನ್ನು ಕೇಳಿ ಏರುವುದಿಲ್ಲ, ವಿದ್ಯುತ್ತಿನ ಬೇಡಿಕೆಯನ್ನು ಕೇಳಿ ಏರುತ್ತದೆ. ದೂರದ ಪಟ್ಟಣಗಳ ಜನ ಚಳಿಯ ಬೆಳಗ್ಗೆ ಎದ್ದು ಮನೆಯ ಹೀಟರಿನ ಗುಂಡಿ ಒತ್ತಿದಾಗ ಅಣೆಕಟ್ಟಿನ ಯಂತ್ರಗಳು ಒಂದೊಂದಾಗಿ ತಿರುಗತೊಡಗುತ್ತವೆ. ಯಂತ್ರಗಳು ನಿಂತಿದ್ದಾಗ ಸಾವಿರ ಕ್ಯೂಸೆಕ್‌ಗಿಂತ ಕಡಮೆಯಾಗಿ ಮೊಳಕಾಲುಮಟ್ಟ ಹರಿಯುವ ನದಿ, ಎಂಟು ಯಂತ್ರಗಳೂ ತಿರುಗಿದಾಗ 20,000 ಕ್ಯೂಸೆಕ್‌ಗೂ ಮಿಗಿಲಾಗಿ ನುಗ್ಗುತ್ತದೆ. ಕಾವೇರಿಯ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ಬಲ್ಲ ಕನ್ನಡಿಗರಿಗೆ ಈ ಅಂಕಿಗಳ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಟ್ಟೆಯ ಬಳಿ ಎಚ್ಚರಿಕೆಯ ಕೊಂಬು ಕೂಗುತ್ತದೆ. ಆದರೆ ಕಾಟರ್ ಎಂಬ ಊರಿನ ಬಳಿ, ಹದಿನೈದು ಮೈಲಿಗೂ ಕೆಳಗೆ ನಿಂತವನಿಗೆ ಆ ಕೂಗು ಕೇಳಿಸದು. ನೀರು ಮಾತ್ರ, ಕೆಲವು ಗಂಟೆಗಳ ತರುವಾಯ, ತಪ್ಪದೆ ಬಂದು ಮುಟ್ಟುತ್ತದೆ. ಆಗ ಆಕಾಶದಲ್ಲಿ ಒಂದು ಮೋಡವೂ ಇಲ್ಲದಿರಬಹುದು.

ಆದಕಾರಣ ಈ ಪ್ರವಾಸದ ಸಿದ್ಧತೆ ಗಾಳದ ಪೆಟ್ಟಿಗೆಯಿಂದ ಆರಂಭವಾಗುವುದಿಲ್ಲ. ಮೂವರು ಗೆಳೆಯರು ಜನವರಿಯ ಕೊನೆಯ ವಾರದಲ್ಲಿ ಎರಡು ರಾತ್ರಿಯ ಮಟ್ಟಿಗೆ ಹೊರಟರೆಂದು ಇಟ್ಟುಕೊಳ್ಳಬಹುದು. ಅವರ ಮೊದಲ ಕೆಲಸ, ಮರುದಿನ ಯಾವ ಗಂಟೆಗೆ ಎಷ್ಟು ವಿದ್ಯುತ್ತು ತೆಗೆಯಲಾಗುವುದೆಂಬ ಅಂದಾಜಿನ ಪಟ್ಟಿಯನ್ನು ನೋಡುವುದು. ಆ ಭಾಗದ ವಿದ್ಯುತ್ತನ್ನು ಹಂಚುವ ಸರಕಾರಿ ಇಲಾಖೆ ಅದನ್ನು ಮುಂಚಿತವಾಗಿ ಪ್ರಕಟಿಸುತ್ತದೆ. ರೈಲಿನ ವೇಳಾಪಟ್ಟಿಯಂತೆ ಅದನ್ನು ಬರೆದಿಟ್ಟುಕೊಳ್ಳಬೇಕು. ರೈಲಿನಂತೆಯೇ ಅದೂ ಮಾತು ತಪ್ಪಬಹುದೆಂಬುದನ್ನು ಮರೆಯಬಾರದು. ಚಳಿ ಇದ್ದಕ್ಕಿದ್ದಂತೆ ಹೆಚ್ಚಿದರೆ ಪಟ್ಟಿಯಲ್ಲಿಲ್ಲದ ಯಂತ್ರವೂ ತಿರುಗುತ್ತದೆ. ಎರಡನೆಯ ಕೆಲಸ ಅನುಮತಿ. ಆ ರಾಜ್ಯದಲ್ಲಿ 16 ವರ್ಷ ದಾಟಿದವರಿಗೆ ಮೀನು ಹಿಡಿಯುವ ಪರವಾನಗಿಯ ಜೊತೆಗೆ ಟ್ರೌಟಿಗಾಗಿಯೇ ಪ್ರತ್ಯೇಕ ಪರವಾನಗಿ ಬೇಕು. ಎಷ್ಟು ಮೀನು, ಎಷ್ಟುದ್ದದ ಮೀನು ಇಟ್ಟುಕೊಳ್ಳಬಹುದೆಂಬ ನಿಯಮ ನದಿಯ ಭಾಗಭಾಗಕ್ಕೆ ಬೇರೆಯಾಗುವುದರಿಂದ ಆ ವರ್ಷದ ನಿಯಮಗಳನ್ನು ಓದಿಯೇ ಹೊರಡಬೇಕು.

ಮೂರನೆಯದು ಉಡುಪು. ಓಜಾರ್ಕಿನಲ್ಲಿ ಜನವರಿಯ ರಾತ್ರಿ ಸೊನ್ನೆ ಡಿಗ್ರಿಗಿಂತ ಕೆಳಗಿಳಿಯುವುದು ಸಾಮಾನ್ಯ. ನಮ್ಮ ಹತ್ತಿಬಟ್ಟೆ ನಮ್ಮ ಸೆಕೆಗೆ ಅಮೃತ. ಅಲ್ಲಿ ಅದೇ ವಿಷ. ಒಮ್ಮೆ ನೆನೆದ ಹತ್ತಿ ಒಣಗದೆ ಮೈಗಂಟಿಕೊಂಡು ಶಾಖವನ್ನು ಹೀರುತ್ತದೆ. ಉಣ್ಣೆ ನೆನೆದರೂ ಒಂದಿಷ್ಟು ಬೆಚ್ಚಗಿಡುತ್ತದೆ. ನೀರಿನಲ್ಲಿ ನಿಲ್ಲಲು ಎದೆಯವರೆಗೆ ಬರುವ ನೀರು ಹೊಗದ ಉಡುಪನ್ನು ತೊಡುತ್ತಾರೆ. ಅದರ ಸೊಂಟಕ್ಕೆ ಬಿಗಿಯುವ ಪಟ್ಟಿ ಅಗ್ಗದ ವಸ್ತು. ಆದರೆ ಜಾರಿಬಿದ್ದಾಗ ಒಳಕ್ಕೆ ನೀರು ನುಗ್ಗದಂತೆ ತಡೆಯುವುದು ಆ ಪಟ್ಟಿಯೇ. ಇವಲ್ಲದೆ ಒಂದು ಜೊತೆ ಪೂರ್ತಿ ಬಟ್ಟೆಯನ್ನು ನೀರು ತಾಗದ ಚೀಲದಲ್ಲಿ ಕಟ್ಟಿ, ಯಾವ ಕಾರಣಕ್ಕೂ ಬಿಚ್ಚದೆ, ದಡದಲ್ಲಿ ಇರಿಸಿರಬೇಕು. ಆ ಗಂಟು ಬಿಚ್ಚದೆಯೇ ಮನೆಗೆ ಮರಳಿದರೆ ಪ್ರವಾಸ ಸಫಲವಾಯಿತೆಂದು ತಿಳಿಯಬಹುದು.

ತಣ್ಣೀರಿಗೆ ಬಿದ್ದ ಮನುಷ್ಯನ ಸ್ಥಿತಿಯನ್ನು ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾನಿಲಯದ ಗೋರ್ಡನ್ ಗೀಸ್‌ಬ್ರೆಕ್ಟರು ಬಹುಕಾಲ ಅಧ್ಯಯನ ಮಾಡಿ, ಮೂರು ಅಂಕಿಗಳ ಒಂದು ಸೂತ್ರವಾಗಿ ತಿಳಿಸಿದ್ದಾರೆ: ಒಂದು, ಹತ್ತು, ಒಂದು. ಮೊದಲ ಒಂದು ನಿಮಿಷ ಉಸಿರು ಹಿಡಿತ ತಪ್ಪಿ ಏದುಸಿರಾಗುತ್ತದೆ. ಆಗ ಗಾಬರಿಗೊಂಡು ನೀರು ಕುಡಿಯದಿರುವುದೇ ಸಾಧನೆ. ಮುಂದಿನ ಹತ್ತು ನಿಮಿಷ ಕೈಕಾಲು ಹೇಳಿದ ಮಾತು ಕೇಳುತ್ತವೆ. ದಡ ಸೇರುವ ಕೆಲಸ ಅಷ್ಟರೊಳಗೆ ಆಗಬೇಕು. ಮೈಯ ಶಾಖ ಕುಸಿದು ಪ್ರಜ್ಞೆ ತಪ್ಪಲು ಸುಮಾರು ಒಂದು ಗಂಟೆ ಹಿಡಿಯುತ್ತದೆ. ಹೆಪ್ಪುಗಟ್ಟುವ ನೀರಿಗಾಗಿ ಹೇಳಿದ ಲೆಕ್ಕ ಇದು. ವೈಟ್ ನದಿಯ ನೀರು ಅಷ್ಟು ತಣ್ಣಗಿಲ್ಲ. ಆದರೆ ಅಲ್ಲಿ ನೀರಿನ ಸೆಳೆತವೂ ಸೇರಿಕೊಳ್ಳುತ್ತದೆ. ಎಷ್ಟೋ ಜನರನ್ನು ಕೊಲ್ಲುವುದು ಚಳಿಗಿಂತ ಮೊದಲು ಗಾಬರಿ ಎಂಬುದು ಆ ಸೂತ್ರದ ಸಾರ.

ಇನ್ನು ನದಿಯ ದಿನಚರಿ. ಬೇಸಗೆಯ ಮೀನುಗಾರ ನಸುಕಿನಲ್ಲಿ ಏಳುತ್ತಾನೆ. ಚಳಿಗಾಲದವನು ನಿಶ್ಚಿಂತೆಯಿಂದ ಎರಡನೆಯ ಬಟ್ಟಲು ಕಾಫಿ ಕುಡಿಯಬಹುದು. ಬಿಸಿಲು ನೀರಿಗೆ ಒಂದಿಷ್ಟು ಕಾವು ಕೊಟ್ಟ ಮೇಲೆ, ಹತ್ತು ಗಂಟೆಯಿಂದ ಮೂರರವರೆಗಿನ ಅವಧಿಯೇ ಪ್ರಶಸ್ತ. ಮೀನು ಸೆಳವಿನ ನಡುವೆ ಶ್ರಮಪಡದೆ ಆಳವಾದ ನಿಧಾನದ ಮಡುಗಳಲ್ಲಿರುತ್ತದೆ. ಅದರ ಆಹಾರವೂ ಆಗ ಸೊಳ್ಳೆಯಷ್ಟು ಸಣ್ಣ ಹುಳು. ಗಾಳವೂ ಅದಕ್ಕೆ ತಕ್ಕಂತೆ ಅಕ್ಕಿಕಾಳಿಗಿಂತ ಕಿರಿದಾಗಿರಬೇಕು. ಆದರೆ ಚಳಿ ತೀರ ಬಿಗಿದ ವರ್ಷ ವಿಚಿತ್ರವೊಂದು ನಡೆಯುತ್ತದೆ. ಮೇಲಿನ ಸರೋವರದಲ್ಲಿರುವ ಶ್ಯಾಡ್ ಎಂಬ ಬೆಳ್ಳಿಬಣ್ಣದ ಪುಟ್ಟ ಮೀನು ಚಳಿ ತಾಳಲಾರದೆ ರಾಶಿರಾಶಿಯಾಗಿ ಸತ್ತು, ಯಂತ್ರಗಳ ಮೂಲಕ ಹಾದು, ಕೆಳಗಿನ ನದಿಯಲ್ಲಿ ತೇಲಿಬರುತ್ತದೆ. ಆಗ ಮಡುವಿನ ಮುದಿ ಬ್ರೌನ್ ಟ್ರೌಟುಗಳೂ ಮದುವೆಮನೆಯ ಊಟಕ್ಕೆ ಬಂದಂತೆ ಮೇಲೆದ್ದು ಬರುತ್ತವೆ. ಈ ಸುದ್ದಿ ಹಬ್ಬಿದ ಕೂಡಲೇ ಮೀನುಗಾರರಿಗೆ ಮೈಮೇಲೆ ಎಚ್ಚರವಿರುವುದಿಲ್ಲ. ಆದರೆ ಶ್ಯಾಡನ್ನು ಹೊತ್ತು ತರುವುದು ಯಂತ್ರದಿಂದ ಬಿಟ್ಟ ನೀರೇ. ಆಸೆ ಹೆಚ್ಚುವ ಗಳಿಗೆಯೂ ನದಿ ಹೆಚ್ಚುವ ಗಳಿಗೆಯೂ ಒಂದೇ ಆಗಿರುವುದು ಹೀಗೆ.

ನೀರಿಗಿಳಿಯುವ ಮೊದಲು ಅನುಭವಿಯಾದವನು ಅಂಚಿನಲ್ಲಿ ಅರ್ಧ ಮುಳುಗಿದ ಒಂದು ಕಲ್ಲನ್ನು ಗುರುತಿಟ್ಟುಕೊಳ್ಳುತ್ತಾನೆ. ಅದೇ ಅವನ ಗಡಿಯಾರ. ಐದು ನಿಮಿಷಕ್ಕೊಮ್ಮೆ ಅದರತ್ತ ಕಣ್ಣು ಹೋಗಬೇಕು. ನೀರಿನಲ್ಲಿ ಒಣಗಿದ ಎಲೆ, ಕಡ್ಡಿಗಳು ಏಕಾಏಕಿ ತೇಲಿಬರತೊಡಗಿದರೆ, ಹೊಳೆಯ ಸದ್ದು ಬದಲಾದರೆ, ಕಲ್ಲಿನ ನೆತ್ತಿ ತುಸುವೇ ಚಿಕ್ಕದಾಗಿ ಕಂಡರೆ, ಮತ್ತೇನನ್ನೂ ವಿಚಾರಿಸದೆ ದಡಕ್ಕೆ ನಡೆಯಬೇಕು. ಗೆಳೆಯರಲ್ಲಿ ಒಬ್ಬನು ಹೊಳೆಯ ಆಚೆಯ ದಿಣ್ಣೆಯ ಮೇಲಿದ್ದು, ಅವನ ಗಾಳಕ್ಕೆ ಆ ಗಳಿಗೆಯಲ್ಲಿಯೇ ಮೀನು ಸಿಕ್ಕಿತೆನ್ನಿ. ಜನ್ಮದಲ್ಲಿ ಒಮ್ಮೆ ಸಿಗುವಂಥ ಮೀನು. ದಡದಲ್ಲಿದ್ದವನು ಕೂಗುತ್ತಾನೆ, ಅವನು ‘ಇನ್ನೆರಡು ನಿಮಿಷ’ ಎನ್ನುತ್ತಾನೆ. ಮೊಳಕಾಲುಮಟ್ಟ ದಾಟಿಹೋಗಿದ್ದ ಕಾಲುವೆ ಆ ಎರಡು ನಿಮಿಷದ ತರುವಾಯ ತೊಡೆಯವರೆಗೆ, ಇನ್ನಷ್ಟು ತಡವಾದರೆ ಸೊಂಟದವರೆಗೆ ಬಂದಿರುತ್ತದೆ. ಅಂಥ ಹೊತ್ತಿನಲ್ಲಿ ನೂಲು ಕತ್ತರಿಸಿ ಬರುವ ತೀರ್ಮಾನವನ್ನು ಹೊಳೆಯ ನಡುವೆ ನಿಂತು ಮಾಡಲಾಗುವುದಿಲ್ಲ. ಹಿಂದಿನ ರಾತ್ರಿ ಬೆಂಕಿಯ ಮುಂದೆ ಕುಳಿತಾಗಲೇ ಮೂವರೂ ಒಪ್ಪಿರಬೇಕು: ಯಾರೊಬ್ಬನು ‘ಬನ್ನಿ’ ಎಂದು ಕೂಗಿದರೂ, ಅವನು ಎಲ್ಲರಿಗಿಂತ ಕಿರಿಯನೇ ಆಗಿರಲಿ, ಹೆದರುಪುಕ್ಕಲನೇ ಆಗಿರಲಿ, ಉಳಿದಿಬ್ಬರು ವಾದಿಸದೆ ಬರತಕ್ಕದ್ದು. ಸಾಮಾನಿನ ಪಟ್ಟಿಯಲ್ಲಿ ಬರೆಯಲಾಗದ, ಆದರೆ ಎಲ್ಲಕ್ಕಿಂತ ಮುಖ್ಯವಾದ ಸಿದ್ಧತೆ ಇದೊಂದೇ.

ಮನುಷ್ಯನ ಪ್ರಾಣದಂತೆ ಮೀನಿನ ಪ್ರಾಣಕ್ಕೂ ಅಲ್ಲಿ ಬೆಲೆಯಿದೆ. ಬ್ರೌನ್ ಟ್ರೌಟ್ ಶರತ್ಕಾಲದ ಕೊನೆಗೆ ತಳದ ಗರಸನ್ನು ಬಾಲದಿಂದ ತೊಳೆದು ಗುಳಿ ಮಾಡಿ ಮೊಟ್ಟೆಯಿಡುತ್ತದೆ. ಚಳಿಗಾಲದಲ್ಲಿ ಅವು ಕಲ್ಲುಗಳ ಸಂದಿಯಲ್ಲಿ ಬಲಿಯುತ್ತಿರುತ್ತವೆ. ತಳದಲ್ಲಿ ತಟ್ಟೆಯಾಕಾರದ ಬೆಳ್ಳಗಿನ ಜಾಗ ಕಂಡರೆ ಅದರ ಮೇಲೆ ಕಾಲಿಡಬಾರದು. ಹಿಡಿದು ಬಿಡುವ ಮೀನನ್ನು ಚಿತ್ರ ತೆಗೆಯಲೆಂದು ಹೆಪ್ಪುಗಟ್ಟುವ ಗಾಳಿಯಲ್ಲಿ ಎತ್ತಿ ಹಿಡಿಯಬಾರದು. ಅದರ ಕಿವಿರಿನ ನವಿರಾದ ಎಳೆಗಳಿಗೆ ಆ ಗಾಳಿ ಹಾನಿ ಮಾಡುತ್ತದೆ. ಕೈ ಒದ್ದೆ ಮಾಡಿಕೊಂಡು, ನೀರಿನಲ್ಲೇ ಗಾಳ ಬಿಡಿಸಿ ಕಳುಹಿಸುವುದೇ ಸಭ್ಯತೆ.

ಸಂಜೆ ಐದೂವರೆಯ ಸುಮಾರಿಗೆ ಸೂರ್ಯ ಮುಳುಗುತ್ತಾನೆ; ಡೇರೆ ಅದಕ್ಕೆ ಮೊದಲೇ ಎದ್ದಿರಬೇಕು, ಸೌದೆ ಒಟ್ಟಿರಬೇಕು. ಬುಲ್ ಶೋಲ್ಸಿನ ಸರಕಾರಿ ಉದ್ಯಾನದಲ್ಲಿ ನದಿಯ ಪಕ್ಕದಲ್ಲಿಯೇ ಶಿಬಿರದ ಸ್ಥಳಗಳಿವೆ. ಮಲಗುವವನ ಶಾಖವನ್ನು ಮೇಲಿನ ಗಾಳಿಗಿಂತ ಕೆಳಗಿನ ನೆಲ ಹೆಚ್ಚಾಗಿ ಕದಿಯುವುದರಿಂದ ಹೊದಿಕೆಯಷ್ಟೇ ಗಮನ ಹಾಸಿಗೆಗೂ ಸಲ್ಲಬೇಕು. ಎಷ್ಟೇ ಚಳಿಯಾದರೂ ಮುಚ್ಚಿದ ಡೇರೆಯೊಳಗೆ ಒಲೆಯನ್ನಾಗಲಿ ಕೆಂಡವನ್ನಾಗಲಿ ಇರಿಸಬಾರದು. ವಾಸನೆಯೂ ಬಣ್ಣವೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಅನಿಲ ನಿದ್ದೆಯಲ್ಲಿಯೇ ಪ್ರಾಣ ತೆಗೆಯುತ್ತದೆ. ಉಣ್ಣೆಯ ಒಣ ಕಾಲುಚೀಲ, ಹೊಟ್ಟೆ ತುಂಬ ಬಿಸಿ ಸಾರು, ಕಾಲದೆಸೆಗೆ ಬಟ್ಟೆ ಸುತ್ತಿದ ಬಿಸಿನೀರಿನ ಸೀಸೆ, ಇವೇ ಅಲ್ಲಿಯ ಅಜ್ಜಿ ಮದ್ದು.

ಕೊನೆಯದಾಗಿ ಒಂದು ಚೀಟಿ. ಯಾವ ಭಾಗದ ನದಿ, ಯಾವ ಶಿಬಿರ, ಯಾವ ದಿನ ಎಷ್ಟು ಹೊತ್ತಿಗೆ ಹಿಂದಿರುಗುವುದು ಎಂಬುದನ್ನು ಬರೆದು ಮನೆಯಲ್ಲಿ ಕೊಟ್ಟು ಬರಬೇಕು. ಆ ಹೊತ್ತು ಮೀರಿದರೆ ಯಾರಿಗೆ ತಿಳಿಸಬೇಕೆಂಬುದನ್ನೂ ಅದರಲ್ಲಿಯೇ ಬರೆದಿರಬೇಕು. ಮನೆಯವರಿಗೆ ಟ್ರೌಟಿನ ಜಾತಿಯಾಗಲಿ ಗಾಳದ ಗಾತ್ರವಾಗಲಿ ತಿಳಿಯದಿರಬಹುದು. ಆದರೆ ಆ ಚೀಟಿಯ ಕೊನೆಯ ಸಾಲಿನ ಮೇಲೆ ಅವರ ಕಣ್ಣಿರುತ್ತದೆ. ಮೂವರು ಹೋದ ಕಡೆಯಿಂದ ಮೂವರೂ, ಹೇಳಿದ ಹೊತ್ತಿಗೆ, ಬಾಗಿಲು ತಟ್ಟಿದರೆ ಬುಟ್ಟಿಯಲ್ಲಿ ಎಷ್ಟು ಮೀನಿದೆಯೆಂದು ಯಾರೂ ಮೊದಲು ಕೇಳುವುದಿಲ್ಲ.