ಜೋಡೆತ್ತಿನಲ್ಲಿ ಎರಡನೆಯದರ ಬಲವೆಷ್ಟು?

ಮೈಸೂರು: ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ಮತದಾರ ಒಂದೇ ಮತದಿಂದ ಅಧ್ಯಕ್ಷ, ಉಪಾಧ್ಯಕ್ಷ ಇಬ್ಬರನ್ನೂ ಆರಿಸುತ್ತಾನೆ. 1960ರಲ್ಲಿ ಜಾನ್ ಕೆನಡಿ ಟೆಕ್ಸಾಸ್ ರಾಜ್ಯವನ್ನು ಸುಮಾರು 46 ಸಾವಿರ ಮತಗಳಿಂದ ಗೆದ್ದಾಗ, ಅದರ ಶ್ರೇಯಸ್ಸು ಅಲ್ಲಿಯವರೇ ಆದ ಲಿಂಡನ್ ಜಾನ್ಸನ್‌ಗೆ ಸಂದಿತು. ಆದರೆ 2024ರಲ್ಲಿ ಟಿಮ್ ವಾಲ್ಜ್ ಅವರ ಮಿನ್ನೆಸೋಟ, ಜೆ.ಡಿ. ವ್ಯಾನ್ಸ್ ಅವರ ಒಹಾಯೊ ಎರಡೂ ಹಿಂದಿನ ಸಲ ಗೆಲ್ಲಿಸಿದ್ದ ಪಕ್ಷವನ್ನೇ ಮತ್ತೆ ಗೆಲ್ಲಿಸಿದವು. ಎರಡನೆಯ ಸ್ಥಾನದವರಿಂದ ಫಲಿತಾಂಶ ಬದಲಾಗುವುದು ಅಪರೂಪವೆಂಬುದೇ ಅಲ್ಲಿನ ಅನುಭವ.

ಕರ್ನಾಟಕದಲ್ಲಿ ಇಂತಹ ಜೋಡಿ ಮತಯಂತ್ರದ ಮೇಲೆ ಇರುವುದಿಲ್ಲ. ಉಪಮುಖ್ಯಮಂತ್ರಿ ಹುದ್ದೆಗೆ ಸಂವಿಧಾನದಲ್ಲಿ ಪ್ರತ್ಯೇಕ ಸ್ಥಾನವೂ ಇಲ್ಲ. ಆದರೂ ಇಲ್ಲಿ ಎರಡನೆಯವರು ಕೆಲವೊಮ್ಮೆ ಅಮೆರಿಕದ ಉಪಾಧ್ಯಕ್ಷ ಅಭ್ಯರ್ಥಿಗಿಂತ ಹೆಚ್ಚು ಪ್ರಭಾವ ಬೀರಿದ್ದಾರೆ. ಕಾರಣ ಸರಳ. ಮತದಾರ ಅವರನ್ನು ಎರಡನೆಯವರೆಂದು ನೋಡುವುದಿಲ್ಲ, ಮುಂದಿನ ಮೊದಲನೆಯವರೆಂದು ನೋಡುತ್ತಾನೆ.

2023ರ ವಿಧಾನಸಭಾ ಚುನಾವಣೆ ಇದಕ್ಕೆ ಹತ್ತಿರದ ನಿದರ್ಶನ. ಕಾಂಗ್ರೆಸ್ ಮುಖ್ಯಮಂತ್ರಿ ಅಭ್ಯರ್ಥಿಯನ್ನು ಘೋಷಿಸದೆ ಸಿದ್ದರಾಮಯ್ಯ ಹಾಗೂ ಡಿ.ಕೆ. ಶಿವಕುಮಾರ್ ಇಬ್ಬರನ್ನೂ ಮುಂದಿಟ್ಟುಕೊಂಡು ಸೆಣಸಿತು. ಅಹಿಂದ ಮತದಾರ ಒಬ್ಬರಲ್ಲಿ, ಒಕ್ಕಲಿಗ ಮತದಾರ ಮತ್ತೊಬ್ಬರಲ್ಲಿ ಭಾವಿ ಮುಖ್ಯಮಂತ್ರಿಯನ್ನು ಕಾಣಲು ಅವಕಾಶವಾಯಿತು. ಕಾಂಗ್ರೆಸ್ ಮತ ಪ್ರಮಾಣ 2018ರ ಶೇ 38ರಿಂದ ಸುಮಾರು ಶೇ 43ಕ್ಕೆ ಏರಿತು. ಬಿಜೆಪಿಯದು ಶೇ 36ರ ಆಸುಪಾಸಿನಲ್ಲೇ ಉಳಿಯಿತು. ಜೆಡಿಎಸ್ ಶೇ 18ರಿಂದ ಶೇ 13ಕ್ಕೆ ಕುಸಿಯಿತು. 2018ರಲ್ಲಿ ಮಂಡ್ಯದ ಏಳೂ ಕ್ಷೇತ್ರಗಳನ್ನು ಗೆದ್ದಿದ್ದ ಜೆಡಿಎಸ್‌ಗೆ 2023ರಲ್ಲಿ ದಕ್ಕಿದ್ದು ಒಂದೇ. ಗ್ಯಾರಂಟಿ ಯೋಜನೆಗಳು, ಆಡಳಿತ ವಿರೋಧಿ ಅಲೆ ರಾಜ್ಯದ ಎಲ್ಲೆಡೆ ಕೆಲಸ ಮಾಡಿದವು, ನಿಜ. ಆದರೆ ಹಳೆ ಮೈಸೂರು ಭಾಗದಲ್ಲಿ ಜೆಡಿಎಸ್ ಇಷ್ಟೊಂದು ಸೊರಗಿದ್ದನ್ನು ಅವಷ್ಟರಿಂದಲೇ ವಿವರಿಸುವುದು ಕಷ್ಟ.

ಈ ಬಲಕ್ಕೊಂದು ಎಲ್ಲೆಯೂ ಇದೆ. ಮೈಸೂರು ಜಿಲ್ಲೆಯ 11 ಕ್ಷೇತ್ರಗಳ ಪೈಕಿ ಕಾಂಗ್ರೆಸ್ ಅಂದು ಎಂಟನ್ನು ಗೆದ್ದಿತು. ಬಿಜೆಪಿ ಉಳಿಸಿಕೊಂಡದ್ದು ಅಗ್ರಹಾರವನ್ನೊಳಗೊಂಡ ಕೃಷ್ಣರಾಜ ಕ್ಷೇತ್ರವೊಂದನ್ನೇ. ಕಾಂಗ್ರೆಸ್ ಮತ್ತು ಬಿಜೆಪಿ ನೇರವಾಗಿ ಎದುರಾದ ಈ ನಗರ ಕ್ಷೇತ್ರದಲ್ಲಿ, ಸಿದ್ದರಾಮಯ್ಯ ಅವರ ತವರು ಜಿಲ್ಲೆಯೇ ಆದರೂ, ಜೋಡಿಯ ವರ್ಚಸ್ಸು ಸಾಲಲಿಲ್ಲ. ಮರುವರ್ಷದ ಲೋಕಸಭಾ ಚುನಾವಣೆಯಲ್ಲಿ ಬಿಜೆಪಿ–ಜೆಡಿಎಸ್ ಮೈತ್ರಿ ಏರ್ಪಟ್ಟಾಗ ಉಪಮುಖ್ಯಮಂತ್ರಿಯ ಸೋದರ ಡಿ.ಕೆ. ಸುರೇಶ್ ಅವರೇ ಬೆಂಗಳೂರು ಗ್ರಾಮಾಂತರದಲ್ಲಿ ಸೋತರು. ಮುಖ್ಯಮಂತ್ರಿ ಗಾದಿಯ ಪ್ರಶ್ನೆ ಇಲ್ಲದ ಚುನಾವಣೆಯಲ್ಲಿ ಎರಡನೆಯವರ ಆಕರ್ಷಣೆಯೂ ತಗ್ಗುತ್ತದೆ.

ಜಾತಿ ಸಮೀಕರಣಕ್ಕಾಗಿ ಕೊಟ್ಟ ಹುದ್ದೆಯಿಂದ ಮತ ಬರುವುದಿಲ್ಲ ಎಂಬುದಕ್ಕೂ ಸಾಕ್ಷ್ಯವಿದೆ. ಜಗದೀಶ ಶೆಟ್ಟರ್ ಸಂಪುಟದಲ್ಲಿ ಕೆ.ಎಸ್. ಈಶ್ವರಪ್ಪ, ಆರ್. ಅಶೋಕ್ ಇಬ್ಬರು ಉಪಮುಖ್ಯಮಂತ್ರಿಗಳಿದ್ದರು. 2013ರಲ್ಲಿ ಬಿಜೆಪಿ 40 ಸ್ಥಾನಗಳಿಗೆ ಇಳಿಯಿತು, ಈಶ್ವರಪ್ಪ ಸ್ವಂತ ಕ್ಷೇತ್ರದಲ್ಲೇ ಪರಾಭವಗೊಂಡರು.

ಎರಡನೆಯವರ ನಿಜವಾದ ಬಲ ಹೊರಬೀಳುವುದು ಅವರಿಗೆ ಅನ್ಯಾಯವಾಯಿತೆಂದು ಜನ ಭಾವಿಸಿದಾಗ. 2006ರ ಇಪ್ಪತ್ತು ತಿಂಗಳ ಒಪ್ಪಂದದಂತೆ ಎಚ್.ಡಿ. ಕುಮಾರಸ್ವಾಮಿ 2007ರ ಅಕ್ಟೋಬರ್‌ನಲ್ಲಿ ಬಿ.ಎಸ್. ಯಡಿಯೂರಪ್ಪ ಅವರಿಗೆ ಅಧಿಕಾರ ಬಿಟ್ಟುಕೊಡಲಿಲ್ಲ. ಆನಂತರ ಯಡಿಯೂರಪ್ಪ ಮುಖ್ಯಮಂತ್ರಿಯಾದರೂ ಏಳೇ ದಿನದಲ್ಲಿ ಸರ್ಕಾರ ಉರುಳಿತು. 'ವಚನಭಂಗ'ದ ಮಾತು ಮನೆಮನೆಗೆ ತಲುಪಿತು. 2008ರಲ್ಲಿ ಬಿಜೆಪಿ 79ರಿಂದ 110ಕ್ಕೆ ಏರಿತು, ಜೆಡಿಎಸ್ 58ರಿಂದ 28ಕ್ಕೆ ಇಳಿಯಿತು. ಸಿದ್ದರಾಮಯ್ಯ ಅವರದೂ ಇದೇ ಹಾದಿ. 2005ರಲ್ಲಿ ಉಪಮುಖ್ಯಮಂತ್ರಿ ಸ್ಥಾನ ಕಳೆದುಕೊಂಡ ಅವರು, ಮರುವರ್ಷ ಕಾಂಗ್ರೆಸ್ ಅಭ್ಯರ್ಥಿಯಾಗಿ ಚಾಮುಂಡೇಶ್ವರಿ ಉಪಚುನಾವಣೆಯನ್ನು 257 ಮತಗಳಿಂದ ಗೆದ್ದು, 2013ರಲ್ಲಿ ಮುಖ್ಯಮಂತ್ರಿಯಾದರು.

ಇಲ್ಲೇ ಮತದಾರನ ಹಿತದ ಪ್ರಶ್ನೆ ಏಳುವುದು. ಅಮೆರಿಕದಲ್ಲಿ ಅಧ್ಯಕ್ಷರ ಸ್ಥಾನ ತೆರವಾದರೆ ಯಾರು ಬರುತ್ತಾರೆಂಬುದು ಮತ ಹಾಕುವ ಮೊದಲೇ ತಿಳಿದಿರುತ್ತದೆ. ಇಲ್ಲಿ ಅದು ಫಲಿತಾಂಶದ ನಂತರ, ಬಹುಪಾಲು ದೆಹಲಿಯ ಮುಚ್ಚಿದ ಬಾಗಿಲಿನ ಹಿಂದೆ ನಿರ್ಧಾರವಾಗುತ್ತದೆ. 2023ರ ಮೇ 20ರಂದು ಸಿದ್ದರಾಮಯ್ಯ, ಶಿವಕುಮಾರ್ ಪ್ರಮಾಣವಚನ ಸ್ವೀಕರಿಸಿದಾಗ ಅಧಿಕಾರ ಹಂಚಿಕೆಯ ಷರತ್ತುಗಳನ್ನು ಪಕ್ಷ ಜನರ ಮುಂದಿಡಲಿಲ್ಲ. ಇಬ್ಬರ ಹೆಸರಿನಲ್ಲಿ ಮತ ಕೇಳುವ ಪಕ್ಷ, ಆ ಇಬ್ಬರ ನಡುವಿನ ಮಾತನ್ನು ಮತದಾರನಿಗೂ ಹೇಳಬೇಕಾದುದು ನ್ಯಾಯ. ಹಾಗೆ ಹೇಳದೆ ಹೋದಾಗ ತೆತ್ತ ಬೆಲೆ ಎಷ್ಟೆಂಬುದನ್ನು 2008ರ ಫಲಿತಾಂಶ ಒಮ್ಮೆ ತೋರಿಸಿಕೊಟ್ಟಿದೆ.