ಮನೆ ಮಾತನ್ನು ಶಾಲೆಗೆ ಕರೆದು ಮತ್ತೆ ಹೊರಗೆ ಕಳಿಸಿದ ಫಿಲಿಪೀನ್ಸ್

ನಮ್ಮ ರಾಜ್ಯದಿಂದ ಎಂಬಿಬಿಎಸ್ ಓದಲು ಫಿಲಿಪೀನ್ಸ್‌ಗೆ ಹೋಗುವ ಮಕ್ಕಳಿದ್ದಾರೆ. ಕಳಿಸುವ ಏಜೆಂಟರು ಹೇಳುವ ಮಾತು ಒಂದೇ: ಅಲ್ಲಿ ಪಾಠ ಎಲ್ಲಾ ಇಂಗ್ಲಿಷ್, ಭಾಷೆಯ ತೊಂದರೆಯೇ ಇಲ್ಲ. ಮಾತು ಸುಳ್ಳಲ್ಲ. ಕಾಲೇಜಿನ ಪಾಠ ಇಂಗ್ಲಿಷಿನಲ್ಲೇ ನಡೆಯುತ್ತದೆ. ಆದರೆ ದಾವಾವ್ ಊರಿನ ಆಸ್ಪತ್ರೆ ವಾರ್ಡಿನಲ್ಲಿ ಮಲಗಿರುವ ಅಜ್ಜಿ ಮಾತಾಡುವುದು ಬಿಸಾಯಾ ಭಾಷೆ. ಅಜ್ಜಿಗೆ ಎಲ್ಲಿ ನೋಯುತ್ತಿದೆ ಎಂದು ತಿಳಿಯಬೇಕಾದರೆ ನಮ್ಮ ಹುಡುಗ ನಾಲ್ಕು ಮಾತು ಬಿಸಾಯಾ ಕಲಿಯಲೇಬೇಕು.

ಪಾಠ ಒಂದು ಭಾಷೆಯಲ್ಲಿ, ನೋವು ಇನ್ನೊಂದು ಭಾಷೆಯಲ್ಲಿ. ಹೀಗೆ ಯಾಕಾಯಿತು ಎಂದು ಹುಡುಕಿಕೊಂಡು ಹೋದ ನಮಗೆ ಸಿಕ್ಕಿದ್ದು ನೂರಿಪ್ಪತ್ತು ವರ್ಷಗಳ ಕತೆ. ನಮ್ಮ ಗುಂಪಿನಲ್ಲಿ ಮನೆಯಲ್ಲಿ ತುಳು ಆಡಿ, ಲಂಬಾಣಿ ಆಡಿ, ಶಾಲೆಯಲ್ಲಿ ಕನ್ನಡಕ್ಕೆ ತಡವರಿಸಿದವರಿದ್ದಾರೆ. ಹಾಗಾಗಿ ಈ ಕತೆ ನಮಗೆ ಬರೀ ದೂರದ ದೇಶದ ಸುದ್ದಿಯಾಗಿ ಉಳಿಯಲಿಲ್ಲ.

ಫಿಲಿಪೀನ್ಸ್ ಎಂದರೆ ಏಳು ಸಾವಿರಕ್ಕೂ ಹೆಚ್ಚು ದ್ವೀಪ, ನೂರೆಪ್ಪತ್ತಕ್ಕೂ ಹೆಚ್ಚು ಭಾಷೆ. ಮುನ್ನೂರಕ್ಕೂ ಹೆಚ್ಚು ವರ್ಷ ಸ್ಪೇನ್ ಆಳಿತು. 1898ರಲ್ಲಿ ಅಮೆರಿಕ 2 ಕೋಟಿ ಡಾಲರ್ ಕೊಟ್ಟು ಆ ದೇಶವನ್ನು ಸ್ಪೇನಿನಿಂದ ಪಡೆಯಿತು. ಜಮೀನು ಕೊಂಡ ಹಾಗೆ. ಅಲ್ಲಿನ ಜನ ಒಪ್ಪಲಿಲ್ಲ, ಯುದ್ಧವಾಯಿತು. ಯುದ್ಧ ಇನ್ನೂ ಪೂರ್ತಿ ಮುಗಿದಿರಲಿಲ್ಲ, 1901ರ ಜನವರಿಯಲ್ಲಿ ಶಾಲೆಗಳ ಭಾಷೆ ಇಂಗ್ಲಿಷ್ ಎಂದು ಕಾನೂನು ಬಂತು. ಆಗಸ್ಟ್‌ನಲ್ಲಿ 'ಥಾಮಸ್' ಎಂಬ ಹಡಗು ಸುಮಾರು 500 ಅಮೆರಿಕನ್ ಮೇಷ್ಟ್ರುಗಳನ್ನು ಮನಿಲಾಕ್ಕೆ ತಂದಿಳಿಸಿತು. ಬಂದೂಕಿನ ಹಿಂದೆಯೇ ಸ್ಲೇಟು ಬಂತು ಅನ್ನಿ. ಪುಸ್ತಕಗಳೂ ಅಮೆರಿಕದವೇ. ಭತ್ತ, ತೆಂಗು, ಬಾಳೆ ಬೆಳೆಯುವ ಬಿಸಿಲಿನ ನಾಡಿನ ಮಕ್ಕಳು ಎಂದೂ ಕಾಣದ ಹಿಮದ ಬಗ್ಗೆ, ಎಂದೂ ತಿನ್ನದ ಸೇಬಿನ ಬಗ್ಗೆ ಓದಿದರು. ಕಮಿಲೊ ಒಸಿಯಾಸ್ ಎಂಬ ಫಿಲಿಪಿನೊ ಶಿಕ್ಷಣತಜ್ಞರು 1920ರ ದಶಕದಲ್ಲಿ ತಮ್ಮ ನಾಡಿನ ಕತೆಗಳಿರುವ ಓದುವ ಪುಸ್ತಕ ಮಾಡಿದರು. ಅವೂ ಇಂಗ್ಲಿಷಿನಲ್ಲೇ.

1925ರಲ್ಲಿ ಅಮೆರಿಕನ್ನರೇ ಒಂದು ದೊಡ್ಡ ಸಮೀಕ್ಷೆ ಮಾಡಿಸಿದರು. ಹೆಚ್ಚಿನ ಮಕ್ಕಳು ನಾಲ್ಕನೇ ಕ್ಲಾಸು ದಾಟುವ ಮೊದಲೇ ಶಾಲೆ ಬಿಡುತ್ತಾರೆ, ಪರಭಾಷೆಯಲ್ಲಿ ಕಲಿಯುವುದೇ ದೊಡ್ಡ ಅಡ್ಡಿ ಎಂಬುದು ಅದರಲ್ಲೇ ಕಂಡಿತ್ತು. ಕಂಡಿದ್ದಷ್ಟೇ. ಶಾಲೆ ಹಾಗೆಯೇ ಮುಂದುವರಿಯಿತು.

ಇನ್ನು ಮಾನವಶಾಸ್ತ್ರದ ಮಾತು. ಜನರ ನಡುವೆ ಹೋಗಿ ಕೂತು, ಅವರು ಹೇಗೆ ಬದುಕುತ್ತಾರೆ, ಹೇಗೆ ಯೋಚಿಸುತ್ತಾರೆ ಎಂದು ಅರಿಯುವ ಶಾಸ್ತ್ರ ಅದು. ಫಿಲಿಪೀನ್ಸ್‌ನಲ್ಲಿ ಅದರ ಮೊದಲ ಹೆಜ್ಜೆಗಳು ನಾಚಿಕೆಗೇಡಿನವು. 1904ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ಊರಿನಲ್ಲಿ ನಡೆದ ಜಾತ್ರೆಯಂಥ ಮೇಳಕ್ಕೆ ಸಾವಿರಕ್ಕೂ ಹೆಚ್ಚು ಫಿಲಿಪಿನೊ ಜನರನ್ನು ಕರೆದೊಯ್ದು, 'ಕಾಡುಜನ', 'ನಾಗರಿಕರು' ಎಂದು ಸಾಲಾಗಿ ವಿಂಗಡಿಸಿ ಪ್ರದರ್ಶನಕ್ಕಿಟ್ಟರು. ಅಲ್ಲೇ ಒಂದು ಮಾದರಿ ಶಾಲೆಯನ್ನೂ ತೆರೆದು, ಈ ಮಕ್ಕಳು ಇಂಗ್ಲಿಷ್ ಕಲಿಯುವುದನ್ನು ಟಿಕೆಟ್ ಕೊಂಡು ಬಂದವರಿಗೆ ತೋರಿಸಿದರು. ಇವರಿಗೆ ಸ್ವಂತದ್ದು ಏನೂ ಇಲ್ಲ, ಎಲ್ಲವನ್ನೂ ನಾವೇ ಕಲಿಸಬೇಕು ಎಂಬ ನಂಬಿಕೆಯ ಮೇಲೆ ಆ ಶಾಲೆ ನಿಂತಿತ್ತು.

ಆ ನಂಬಿಕೆಯನ್ನು ಮುರಿದದ್ದೂ ಮಾನವಶಾಸ್ತ್ರವೇ. ಹೆರಾಲ್ಡ್ ಕಾಂಕ್ಲಿನ್ ಎಂಬ ವಿದ್ವಾಂಸ ಮಿಂಡೋರೊ ದ್ವೀಪದ ಹನುನೊಒ ಮಾಂಗ್ಯನ್ ಎಂಬ ಬೆಟ್ಟದ ಜನರ ಜೊತೆ ಇದ್ದು, ಅವರ ಭಾಷೆ ಕಲಿತು, ಅವರಿಗೆ ಯಾವ ಯಾವ ಗಿಡ ಗೊತ್ತು ಎಂದು ಬರೆಯುತ್ತಾ ಹೋದರು. 1954ರಲ್ಲಿ ಅವರು ಸಲ್ಲಿಸಿದ ಪ್ರಬಂಧದ ಪ್ರಕಾರ ಆ ಜನ 1600ಕ್ಕೂ ಹೆಚ್ಚು ಬಗೆಯ ಗಿಡಗಳನ್ನು ಹೆಸರಿಟ್ಟು ಗುರುತಿಸುತ್ತಿದ್ದರು. ಅದೇ ಗಿಡಗಳನ್ನು ಸಸ್ಯವಿಜ್ಞಾನಿಗಳು ವಿಂಗಡಿಸಿದರೆ ಸಿಗುವ ಲೆಕ್ಕಕ್ಕಿಂತ ಇದು ನಾನೂರರಷ್ಟು ಹೆಚ್ಚು! ಇದನ್ನೆಲ್ಲಾ ಅವರು ಕಲಿತದ್ದು ಯಾವ ಶಾಲೆಯಲ್ಲೂ ಅಲ್ಲ. ಸುಟ್ಟು ಬೆಳೆಯುವ ಬೆಟ್ಟದ ಹೊಲಗಳಲ್ಲಿ, ಅಪ್ಪ ಅಮ್ಮನ ಹಿಂದೆ ಓಡಾಡುತ್ತಾ.

ಇದಕ್ಕಿಂತ ನಮಗೆ ಸೋಜಿಗ ಎನಿಸಿದ್ದು ಇನ್ನೊಂದು. ಈ ಜನರಿಗೆ ತಮ್ಮದೇ ಲಿಪಿ ಇದೆ. ಚೂಪು ಚಾಕುವಿನಿಂದ ಬಿದಿರಿನ ಮೇಲೆ ಅಕ್ಷರ ಕೆತ್ತುತ್ತಾರೆ. ಮೇಷ್ಟ್ರು ಇಲ್ಲ, ಪರೀಕ್ಷೆ ಇಲ್ಲ. ಹರೆಯಕ್ಕೆ ಬಂದ ಹುಡುಗ ಹುಡುಗಿಯರು ಒಬ್ಬರಿಂದ ಒಬ್ಬರು ಕಲಿಯುತ್ತಾರೆ. ಯಾಕೆ ಗೊತ್ತೆ? ಮೆಚ್ಚಿದವರಿಗೆ ಹಾಡು ಬರೆದು ಕಳಿಸಲು. ಅಂಬಹಾನ್ ಎಂಬ ಏಳೇಳು ಉಚ್ಚಾರದ ಸಾಲುಗಳ ಪದ್ಯಗಳು ಇವರಲ್ಲಿವೆ. ಪ್ರೀತಿಗೂ ಅದೇ, ಮಕ್ಕಳಿಗೆ ಬುದ್ಧಿ ಹೇಳುವುದಕ್ಕೂ ಅದೇ. ಆ ಲಿಪಿಯಲ್ಲಿ 'ಕ' ಎಂಬ ಅಕ್ಷರದ ಮೇಲೆ ಒಂದು ಗೀಟು ಹಾಕಿದರೆ 'ಕಿ', ಕೆಳಗೆ ಹಾಕಿದರೆ 'ಕು'. ನಮ್ಮ ಕಾಗುಣಿತ ನೆನಪಾಯಿತಲ್ಲವೆ? ಆಗಲೇಬೇಕು. ಕನ್ನಡ ಲಿಪಿಯೂ ಹನುನೊಒ ಲಿಪಿಯೂ ಬ್ರಾಹ್ಮಿ ಎಂಬ ಒಂದೇ ಬಳ್ಳಿಯ ಕುಡಿಗಳು. ಟಗಾಲೊಗ್ ಭಾಷೆಯಲ್ಲಿ ಶಿಕ್ಷಕರಿಗೆ 'ಗುರೊ' ಎಂದೇ ಹೇಳುತ್ತಾರೆ, ಮುಖಕ್ಕೆ 'ಮುಖಾ'. 1999ರಲ್ಲಿ ಯುನೆಸ್ಕೊ ಈ ಲಿಪಿಯನ್ನು ಜಗತ್ತಿನ ನೆನಪಿನ ಪಟ್ಟಿಗೆ ಸೇರಿಸಿತು.

ಇಷ್ಟು ಬಲ್ಲ ಮಗು ಶಾಲೆಗೆ ಬಂದಾಗ ಶಾಲೆ ಅದನ್ನು 'ಏನೂ ಬಾರದ ಮಗು' ಎಂದು ಕೂರಿಸಿದರೆ ತಪ್ಪು ಯಾರದು?

ಫಿಲಿಪಿನೊ ಮನೆಗಳ ರೀತಿಯನ್ನೂ ಸ್ವಲ್ಪ ನೋಡಬೇಕು. ಅಲ್ಲಿ 'ಉತಾಂಗ್ ನ ಲೋಓಬ್' ಎಂಬ ಮಾತಿದೆ. ಮನಸ್ಸಿನೊಳಗಿನ ಸಾಲ ಎಂದರ್ಥ. ನಮ್ಮಲ್ಲಿ ಋಣ ಅನ್ನುವುದಿಲ್ಲವೆ, ಹೆಚ್ಚು ಕಡಿಮೆ ಅದೇ. 'ಆತೆ' ಅಂದರೆ ಅಕ್ಕ. ಅಕ್ಕ ದುಬೈಯಲ್ಲೋ ಹಾಂಗ್‌ಕಾಂಗ್‌ನಲ್ಲೋ ಮನೆಕೆಲಸ ಮಾಡಿ ತಮ್ಮ ತಂಗಿಯರ ಫೀಸು ಕಟ್ಟುತ್ತಾಳೆ. ಓದಿ ಮುಗಿಸಿದ ತಂಗಿ ಮುಂದಿನವರನ್ನು ಓದಿಸುತ್ತಾಳೆ. ಗಲ್ಫ್‌ಗೆ ಹೋಗಿ ಬಂದ ನಮ್ಮ ಕರಾವಳಿಯ ಜನ ಇಂಥ ಅಕ್ಕಂದಿರನ್ನು ಕಂಡಿರುತ್ತಾರೆ. ಶಾಲೆ ತೆರೆಯುವ ಮೊದಲು ಊರವರೇ ಬಂದು ಬೆಂಚು ರಿಪೇರಿ ಮಾಡಿ, ಸುಣ್ಣಬಣ್ಣ ಬಳಿಯುವ 'ಬ್ರಿಗಾದಾ ಎಸ್ಕ್ವೇಲಾ' ಎಂಬ ಕಾರ್ಯಕ್ರಮ 2003ರಿಂದ ನಡೆಯುತ್ತಿದೆ. ಸರ್ಕಾರ ಕೊಟ್ಟ ಹೆಸರು ಹೊಸದು, ಕೂಡಿ ಕೆಲಸ ಮಾಡುವ ರೂಢಿ ಹಳೆಯದು.

ಇನ್ನೊಂದು ಮಾತು 'ಹಿಯಾ'. ನಾಚಿಕೆ, ಮರ್ಯಾದೆ, ಸಂಕೋಚ ಮೂರೂ ಸೇರಿದ್ದು. ಅರ್ಥವಾಗದಿದ್ದರೂ ಮಗು ಕೈ ಎತ್ತುವುದಿಲ್ಲ. ಹೊರಗಿನ ವಿದ್ವಾಂಸರು ಇದನ್ನು ಅಲ್ಲಿನ ಜನರ ಕುಂದು ಎಂಬಂತೆ ಬರೆದರು. ವಿರ್ಜಿಲಿಯೊ ಎನ್ರಿಕೆಸ್ ಎಂಬ ಮನಶ್ಶಾಸ್ತ್ರಜ್ಞರು ಅಮೆರಿಕದಲ್ಲಿ ಡಾಕ್ಟರೇಟ್ ಮಾಡಿ 1970ರ ದಶಕದಲ್ಲಿ ಮರಳಿ ಬಂದು ಇದನ್ನು ಒಪ್ಪಲಿಲ್ಲ. ನಮ್ಮ ಜನರನ್ನು ನಮ್ಮ ಮಾತಿನಿಂದಲೇ ಅರಿಯಬೇಕು ಎಂದು 'ಸಿಕೊಲೊಹಿಯಾಂಗ್ ಪಿಲಿಪಿನೊ' ಎಂಬ ದಾರಿ ಹಾಕಿದರು. ಅದರ ನಡುಗಂಬ 'ಕಪ್ವಾ': ಎದುರಿನವನು ಬೇರೆಯವನಲ್ಲ, ನನ್ನೊಳಗೂ ಅವನ ಪಾಲಿದೆ ಎಂಬ ಭಾವ. ಟಗಾಲೊಗ್‌ನಲ್ಲಿ 'ನಾವು' ಅನ್ನಲು ಎರಡು ಪದ. ನಿಮ್ಮನ್ನೂ ಸೇರಿಸಿದರೆ 'ತಾಯೊ', ನಿಮ್ಮನ್ನು ಬಿಟ್ಟರೆ 'ಕಾಮಿ'. ತುಳು ಬಲ್ಲವರಿಗೆ ಇದು ಹೊಸದಲ್ಲ, 'ನಮ' ಮತ್ತು 'ಎಂಕುಲು'. ಇಂಗ್ಲಿಷಿನಲ್ಲಿ ಈ ಭೇದವೇ ಇಲ್ಲ. ಆ ಮಗು ಮನೆಯಲ್ಲಿ ದಿನಾ ಮಾಡುವ ಒಂದು ಸೂಕ್ಷ್ಮ ಲೆಕ್ಕ ಶಾಲೆಯ ಭಾಷೆಗೆ ಬಂದಾಗ ಮಾಯವಾಗುತ್ತದೆ.

ಮನೆ ಮಾತಿನಲ್ಲಿ ಕಲಿಸಿದರೆ ಏನಾಗುತ್ತದೆ? ಅದನ್ನೂ ಅವರು ನೋಡಿದ್ದಾರೆ. 1948ರಿಂದ ಆರು ವರ್ಷ ಇಲೋಯ್ಲೊ ಪ್ರಾಂತ್ಯದಲ್ಲಿ ಹಿಲಿಗಾಯ್‌ನೊನ್ ಭಾಷೆಯಲ್ಲಿ ಚಿಕ್ಕ ಮಕ್ಕಳಿಗೆ ಕಲಿಸಿ ನೋಡಿದರು. ಓದು, ಲೆಕ್ಕ ಎರಡರಲ್ಲೂ ಇಂಗ್ಲಿಷಿನಲ್ಲೇ ಶುರು ಮಾಡಿದವರಿಗಿಂತ ಆ ಮಕ್ಕಳು ಮುಂದೆ. ಆಮೇಲೆ ಇಂಗ್ಲಿಷಿಗೆ ಬದಲಾದಾಗ ಅದರಲ್ಲೂ ಬೇಗ ಸರಿಸಮ ಬಂದರು. 1990ರ ದಶಕದ ಕೊನೆಯಲ್ಲಿ ಕಾಲಿಂಗಾ ಬೆಟ್ಟಗಳ ಲುಬುಆಗನ್ ಊರಿನಲ್ಲಿ ಅಲ್ಲಿನ ಸಣ್ಣ ಭಾಷೆಯಲ್ಲೇ ಪಾಠ ಶುರುವಾಯಿತು. ಫಲ ಅದೇ, ಇಂಗ್ಲಿಷ್ ವಿಷಯದಲ್ಲಿ ಕೂಡ. ಇಂಥ ಅನುಭವಗಳ ಮೇಲೆ 2009ರಲ್ಲಿ ಸರ್ಕಾರ ತಾಯ್ನುಡಿ ಶಿಕ್ಷಣದ ಆದೇಶ ಹೊರಡಿಸಿತು. 2012ರಲ್ಲಿ 12 ಭಾಷೆಗಳಲ್ಲಿ ಜಾರಿಗೆ ಬಂತು, ಮುಂದೆ 19 ಆಯಿತು. 2013ರಲ್ಲಿ ಕಾನೂನೇ ಆಯಿತು.

ಆದರೆ 2024ರ ಅಕ್ಟೋಬರಿನಲ್ಲಿ ಇನ್ನೊಂದು ಕಾನೂನು ಬಂದು, ಮೂರನೇ ಕ್ಲಾಸಿನವರೆಗೆ ತಾಯ್ನುಡಿ ಕಡ್ಡಾಯ ಎಂಬುದನ್ನು ತೆಗೆದುಹಾಕಿತು. ಮತ್ತೆ ಫಿಲಿಪಿನೊ ಮತ್ತು ಇಂಗ್ಲಿಷ್. ಅಧ್ಯಕ್ಷರು ಸಹಿಯನ್ನೂ ಹಾಕಲಿಲ್ಲ, ಗಡುವು ಮುಗಿದು ತಾನಾಗಿ ಕಾನೂನಾಯಿತು.

ಇದು ತಪ್ಪು ಹೆಜ್ಜೆ ಎಂದು ನಮ್ಮ ಅನಿಸಿಕೆ. ತೊಂದರೆಗಳಿದ್ದವು, ಇಲ್ಲ ಅನ್ನುವುದಿಲ್ಲ. ಪೇಟೆಯ ಒಂದೇ ಕ್ಲಾಸಿನಲ್ಲಿ ಮೂರು ನಾಲ್ಕು ಭಾಷೆಯ ಮಕ್ಕಳು. ಮೇಷ್ಟ್ರಿಗೆ ಊರ ಭಾಷೆ ಬಾರದು. 19 ಭಾಷೆಯಲ್ಲಿ ಪಾಠ ಎಂದರೂ ಉಳಿದ ನೂರೈವತ್ತು ಭಾಷೆಯ ಮಕ್ಕಳಿಗೆ ಅದೂ ಪರಭಾಷೆಯೇ. ಕತೆಪುಸ್ತಕ, ವ್ಯಾಕರಣ, ನಿಘಂಟು ಎಲ್ಲವನ್ನೂ ಸಿದ್ಧ ಮಾಡಿಕೊಂಡ ಶಾಲೆಗಳು ತೀರಾ ಕಡಿಮೆ. ಬಿತ್ತನೆ ಬೀಜ ಕೊಡದೆ ಬೆಳೆ ಬರಲಿಲ್ಲ ಎಂದು ಹೊಲವನ್ನೇ ಬೈದ ಹಾಗಾಯಿತು. 2018ರ ಪೀಸಾ ಪರೀಕ್ಷೆಯಲ್ಲಿ 79 ದೇಶಗಳ ಪೈಕಿ ಓದಿನಲ್ಲಿ ಫಿಲಿಪೀನ್ಸ್ ಕೊನೆಗೆ ನಿಂತಿದ್ದು ನಿಜ. ಆ ಪರೀಕ್ಷೆ ಬರೆದವರು 15 ವರ್ಷದ ಮಕ್ಕಳು. 2012ಕ್ಕೆ ಮೊದಲೇ ಒಂದನೇ ಕ್ಲಾಸು ಸೇರಿದವರು. ಅವರ ಸೋಲನ್ನು ತಾಯ್ನುಡಿಯ ತಲೆಗೆ ಕಟ್ಟಲಾಗದು.

ಅಪ್ಪ ಅಮ್ಮಂದಿರನ್ನು ನಾವು ದೂರುವುದಿಲ್ಲ. ಇಂಗ್ಲಿಷ್ ಬಂದರೆ ಮಗಳಿಗೆ ನರ್ಸ್ ಕೆಲಸ, ಮಗನಿಗೆ ಹಡಗಿನ ಕೆಲಸ ಎಂಬುದು ಅವರು ಕಣ್ಣಾರೆ ಕಂಡದ್ದು. ಅವರ ಆಸೆಯಲ್ಲಿ ಲೋಪವಿಲ್ಲ. ಇಂಗ್ಲಿಷಿಗೆ ಹೋಗುವ ದಾರಿ ಮನೆ ಮಾತಿನ ಮೇಲೇ ಹಾದು ಹೋದರೆ ಬೇಗ ತಲುಪಬಹುದು ಎಂದು ಇಲೋಯ್ಲೊ, ಲುಬುಆಗನ್ ತೋರಿಸಿದ್ದನ್ನು ಅವರಿಗೆ ಹೋಗಿ ಹೇಳಿದವರು ಎಷ್ಟು ಜನ? ಪತ್ರಕರ್ತರು ಎಂಬ ಹೆಸರಿಟ್ಟುಕೊಂಡ ನಮ್ಮಂಥವರಿಗೂ ಈ ಪ್ರಶ್ನೆ ತಾಗುತ್ತದೆ.

ಹೊಸ ಕಾನೂನಿನಲ್ಲಿ ಒಂದು ಕಿಟಕಿ ಉಳಿಸಿದ್ದಾರೆ. ಕ್ಲಾಸಿನ ಎಲ್ಲಾ ಮಕ್ಕಳದ್ದೂ ಒಂದೇ ಮನೆ ಮಾತಾದರೆ ಅದರಲ್ಲಿ ಕಲಿಸಬಹುದು. ಷರತ್ತು ಏನೆಂದರೆ, ಆ ಭಾಷೆಗೆ ಅಧಿಕೃತ ಬರವಣಿಗೆ ಪದ್ಧತಿ, ದಾಖಲಾದ ಪದಸಂಪತ್ತು, ಸಾಹಿತ್ಯ, ವ್ಯಾಕರಣ ಪುಸ್ತಕ, ಭಾಷೆ ಬಲ್ಲ ಶಿಕ್ಷಕರು ಇರಬೇಕು. ಇವೆಲ್ಲಾ ಇರುವುದು ದೊಡ್ಡ ಭಾಷೆಗಳಿಗೆ. ದೊಡ್ಡ ಭಾಷೆಯ ಪೇಟೆಗಳಲ್ಲಿ ಒಂದೇ ಮಾತಿನ ಕ್ಲಾಸು ಸಿಗುವುದು ಕಷ್ಟ. ಒಂದೇ ಮಾತಿನ ಕ್ಲಾಸು ಸಿಗುವುದು ಬೆಟ್ಟದ ಮೇಲಿನ ಹಳ್ಳಿಗಳಲ್ಲಿ, ಅಲ್ಲಿ ವ್ಯಾಕರಣ ಪುಸ್ತಕ ಹುಡುಕಿದರೆ ಎಲ್ಲಿ ಸಿಗಬೇಕು? ಸಾವಿರದ ಆರುನೂರು ಗಿಡದ ಹೆಸರನ್ನು ಬಾಯಲ್ಲೇ ಇಟ್ಟುಕೊಂಡ, ಬಿದಿರಿನ ಮೇಲೆ ಹಾಡು ಕೆತ್ತುವ ಮಿಂಡೋರೊದ ಜನ ಈಗ ಯಾವ ಕಚೇರಿಗೆ ಹೋಗಿ, ನಮ್ಮದೂ ಒಂದು ಭಾಷೆ ಎಂದು ಅರ್ಜಿ ಹಾಕಬೇಕು?